ಬಾವಿ ಬಿಟ್ಟು ಕಟ್ಟಿದ ಮೀನಿನ ಮನೆ

ಇಂಚರಾ, ತನ್ಮಯಾ,

ಆ ಮೀನಿನ ಮನೆ ಕಟ್ಟಿಸಿದವರ ಬಲಗೈಯ ಅಂಗಿತೋಳು ಯಾವಾಗಲೂ ಒದ್ದೆಯಾಗಿರುತ್ತಿತ್ತು. ಮೊಣಕೈ ಮೇಲಿನವರೆಗೆ ಮಡಿಸಿದ್ದರೂ ಒದ್ದೆಯೇ. ಒಣಗಿದ ಕಡೆ ಚರ್ಮದ ಮೇಲೆ ಬಿಳಿ ಬಿಳಿ ಗೆರೆಗಳು, ಉಳುಮೆ ಮುಗಿಸಿ ಬಂದ ಎತ್ತಿನ ಬೆನ್ನ ಮೇಲೆ ಬೆವರು ಒಣಗಿದ ಹಾಗೆ. ಅದು ಉಪ್ಪು ಎಂದು ನನಗೆ ಆಮೇಲೆ ತಿಳಿಯಿತು. ಗಡಿಯಾರ, ಟೀ ಲೋಟ, ಸ್ಕೂಟರಿನ ಕೀಲಿ ಎಲ್ಲ ಎಡಗೈಗೆ. ಬಲಗೈ ಪೂರಾ ಮೀನುಗಳ ಪಾಲು.

ಮೊನ್ನೆ ನೀವಿಬ್ಬರೂ ಮೀನಿನ ಮನೆಯ ಬಾವಿಯ ಜಾಲರಿಗೆ ಮುಖ ಒತ್ತಿಕೊಂಡು, "ಅಜ್ಜಿ, ಬಿಲ್ಡಿಂಗ್ ಯಾಕೆ ಇಲ್ಲಿ ಮಾತ್ರ ತಿರುಗಿದೆ?" ಎಂದು ಕೇಳಿದಿರಿ. ಹೇಳಲು ಹೊರಟೆ, ನಿಮ್ಮ ಅಮ್ಮ ಊಟಕ್ಕೆ ಕರೆದಳು, ಮಾತು ಅಲ್ಲೇ ನಿಂತಿತು. ನನಗೆ ಮೊದಲಿಂದಲೂ ಮಾತಿಗಿಂತ ಬರೆಯುವುದು ಸಲೀಸು. ಅದಕ್ಕೇ ಈ ಹಾಳೆಗಳು. ಅವರನ್ನು ನಾವೆಲ್ಲ ಸಾಹೇಬರು ಎಂದೇ ಕರೆದದ್ದು. ಹೆಸರು ಹಿಡಿದು ನಾನು ಎಂದೂ ಕರೆದವಳಲ್ಲ, ಇಲ್ಲಿಯೂ ಬೇಡ.

ಸಾಹೇಬರು ಪುಲಿಕೇಶಿನಗರದವರು. ಅಲ್ಲಿ ಒಂದು ಹಳೆಯ ಬಂಗಲೆಯ ಮಹಡಿಯಲ್ಲಿ ಗಾಜಿನ ತೊಟ್ಟಿಗಳನ್ನಿಟ್ಟು ಸಮುದ್ರದ ಮೀನು, ಹವಳ ಸಾಕುತ್ತಿದ್ದರು. ಹವಳ ಎಂದರೆ ಸರದ ಮಣಿ ಎಂದಷ್ಟೇ ನಾನು ತಿಳಿದಿದ್ದೆ. ಅವರು ಸಾಕಿದ್ದು ಜೀವ ಇರುವ ಮೆತ್ತನೆಯ ಹವಳ. ನೀರೊಳಗೆ ಹೂವಿನಂತೆ ಬಿಚ್ಚಿಕೊಂಡು ಆಡುತ್ತದೆ, ಬೆರಳು ತಾಗಿದರೆ ಮುದುಡಿಕೊಳ್ಳುತ್ತದೆ. ಒಂದು ಚೂರು ಕತ್ತರಿಸಿ ಕಲ್ಲಿಗೆ ಕಟ್ಟಿದರೆ, ದಾಸವಾಳದ ಕಡ್ಡಿ ನೆಟ್ಟ ಹಾಗೆ, ಇನ್ನೊಂದು ಬೆಳೆಯುತ್ತದೆ. "ಸಮುದ್ರದಿಂದ ಕಿತ್ಕೊಂಡ್ ಬರೋದು ಯಾರ್ ಬೇಕಾದ್ರೂ ಮಾಡ್ತಾರೆ ಅಮ್ಮಾ. ಒಂದನ್ನ ಹತ್ತು ಮಾಡ್ಬೇಕು," ಎನ್ನುತ್ತಿದ್ದರು.

ಹತ್ತು ಮಾಡಲು ಹೋಗಿ ತೊಟ್ಟಿಗಳು ದೊಡ್ಡದಾದವು, ಹಳೆಯ ಮಹಡಿಯ ಮರದ ತೊಲೆ ಬಾಗಿತು. ಒಂದು ಮಧ್ಯಾಹ್ನ ತೊಟ್ಟಿಯ ಒಂದು ಕಾಲು ಬೆರಳಿನಷ್ಟು ಕುಸಿದು, ಗಾಜು ಮೂಲೆಯಿಂದ ಮೂಲೆಗೆ ಸೀಳಿತಂತೆ. ಎಷ್ಟೋ ವರ್ಷ ಸಾಕಿದ್ದೆಲ್ಲ ನೆಲದ ಮೇಲೆ. "ಭಾರಕ್ಕೆ ಗಾಜು ಒಡೆಯಲ್ಲ ಅಮ್ಮಾ, ಒಂದು ಕಡೆ ಇಳಿದ್ರೆ ಒಡೆಯತ್ತೆ," ಎಂದು ಹೇಳುವಾಗ ಅವರು ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ.

ಅಂದಿನಿಂದ ಅವರ ಜೇಬಿನಲ್ಲಿ, ಪೆನ್ನು ಇರಬೇಕಾದ ಕಡೆ, ಒಂದು ಪುಟ್ಟ ರಸಮಟ್ಟ. ಗಾರೆ ಕೆಲಸದವರು ನೆಲ ಸಮ ಇದೆಯೇ ಎಂದು ನೋಡುವ, ಒಳಗೆ ಗುಳ್ಳೆ ಓಡಾಡುವ ಗಾಜಿನ ಪಟ್ಟಿ. ಎಲ್ಲಿ ಕೂತರೂ ಅದನ್ನು ಇಟ್ಟು ನೋಡುವುದು ಅವರ ಚಟ. ಟೀ ಅಂಗಡಿಯ ಮೇಜು, ಬಸ್ ಸ್ಟಾಪಿನ ಕಲ್ಲು, ಯಾವುದನ್ನೂ ಬಿಡುತ್ತಿರಲಿಲ್ಲ. ಒಮ್ಮೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತು, ತಟ್ಟೆ ಇಟ್ಟಿದ್ದ ಮಣೆಯ ಮೇಲೆ ಅದನ್ನಿಟ್ಟು, "ಅಮ್ಮಾ, ನಿಮ್ಮ ಸಾರು ಯಾವಾಗ್ಲೂ ಗೋಡೆ ಕಡೆಗೇ ಓಡತ್ತೆ ಅಲ್ವಾ?" ಎಂದರು. ನಿಜವಾಗಿಯೂ ಓಡುತ್ತಿತ್ತು.

ಗಟ್ಟಿ ನೆಲ ಹುಡುಕಿಕೊಂಡು ಅವರು ನಮ್ಮ ರಾಮಮೂರ್ತಿ ನಗರದ ಕಡೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ನಿಮ್ಮ ತಾತ ತೀರಿಕೊಂಡು ಮೂರು ವರ್ಷ. ನಿಮ್ಮ ಅಮ್ಮ ಇಸ್ಕೂಲಿಗೆ ಹೋಗುತ್ತಿದ್ದಳು. ತೋಟವೆಲ್ಲ ಸೈಟಾಗಿ ಹೋದ ಮೇಲೆ ನನ್ನ ಪಾಲಿಗೆ ಉಳಿದದ್ದು ಒಂದು ಶೀಟಿನ ಮನೆ, ಅದರ ಪಕ್ಕದ ಖಾಲಿ ಜಾಗ. ನಾನು ಹೂ ಕಟ್ಟಿ ಕೊಡುತ್ತಿದ್ದೆ. ಜಾಗ ಬಾಡಿಗೆಗೆ ಹೋಗದಿದ್ದರೆ ಎಲ್ಲವನ್ನೂ ಮಾರಿಬಿಡೋಣ ಎಂದು ಭಾವನವರು, ಅಂದರೆ ತಾತನ ಅಣ್ಣ, ಹೇಳುತ್ತಲೇ ಇದ್ದರು. ಮಾರಿದರೆ ನಾನೂ ನಿಮ್ಮ ಅಮ್ಮನೂ ಅವರ ಮನೆಯ ಹಿಂದಿನ ಕೋಣೆಗೆ ಹೋಗಬೇಕಿತ್ತು. ಅಷ್ಟರಲ್ಲಿ ಸಾಹೇಬರು ಬಂದರು. ಜಾಗವನ್ನು ಬಹಳ ವರ್ಷಕ್ಕೆ ಬಾಡಿಗೆಗೆ ಹಿಡಿದು ಮೀನಿಗಾಗಿಯೇ ಒಂದು ಕಟ್ಟಡ ಕಟ್ಟುತ್ತೇನೆ ಎಂದರು. ಮಾತುಕತೆಯೆಲ್ಲ ಭಾವನವರದೇ. "ಬಂಡೆ ನೆಲ ಸಾಬ್ರೇ, ಹಾರೆ ಬಾಗ್ತದೆ," ಎಂದರು. ಇಂಜಿನಿಯರು ಬಂದು ನಾಲ್ಕು ಮೂಲೆಯಲ್ಲಿ ಗುಂಡಿ ತೆಗೆಸಿ ನೋಡಿದರು. ನಾಲ್ಕು ಕಡೆಯೂ ನೆಲ ಗಟ್ಟಿಯಾಗಿತ್ತು.

ಹಲಸೂರಿನಿಂದ ಒಬ್ಬ ಮೇಸ್ತ್ರಿ ಬಂದರು, ತಮಿಳಿನವರು. ನೆಲಕ್ಕೆ ಹಾಕುವ ಕಂಬಿಯ ಲೆಕ್ಕ ಕೇಳಿ ಅವರು ತಲೆ ಕೆರೆದುಕೊಂಡರು. "ಎನ್ನ ಸಾರ್ ಇದು, ಮೀನ್ ಮನೆನಾ, ಆನೆ ಕಟ್ಟೋ ಜಾಗನಾ?"

"ಆನೆ ಆದ್ರೆ ಎದ್ದು ಓಡಾಡತ್ತೆ ಮೇಸ್ತ್ರಿ. ನೀರು ಕೂತ್ರೆ ಕೂತಂಗೇ," ಎಂದರು ಸಾಹೇಬರು.

ಒಂದು ಬೆಳಿಗ್ಗೆ ಟೀ ತೆಗೆದುಕೊಂಡು ಹೋದಾಗ ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆಯುತ್ತಿದ್ದರು. ಸಾಹೇಬರು ನನಗೂ ತೋರಿಸಿದರು. ಇಲ್ಲಿ ಸಣ್ಣ ತೊಟ್ಟಿಗಳು, ಇಲ್ಲಿ ಪಂಪು, ನಟ್ಟನಡುವೆ ದೊಡ್ಡ ತೊಟ್ಟಿ. ಹತ್ತಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ. ನೀರು, ಕಲ್ಲು, ಗಾಜು ಸೇರಿ ಮೂವತ್ತೈದು ಮೂಟೆ ರಾಗಿಯ ಭಾರ ಎಂದು ನನಗೆ ತಿಳಿಯುವ ಹಾಗೆ ಹೇಳಿದರು. ಆ ನಟ್ಟನಡುವೆ ನಮ್ಮ ಬಾವಿ ಇತ್ತು.

ಮಕ್ಕಳೇ, ನಾನು ಸೊಸೆಯಾಗಿ ಬಂದಾಗ ಮೊದಲ ಕೊಡ ನೀರು ಸೇದಿದ್ದು ಆ ಬಾವಿಯಲ್ಲಿ. ನಿಮ್ಮ ಅಮ್ಮ ಅಂಬೆಗಾಲು ದಾಟಿ ಓಡಾಡುವ ಹೊತ್ತಿಗೆ ಅದರ ಕಟ್ಟೆ ಬಿದ್ದುಹೋಗಿತ್ತು. ಒಂದು ದಿನ ಅವಳು ಅಂಚಿನಲ್ಲಿ ಕೂತು ಒಳಗೆ ಕಲ್ಲು ಹಾಕುತ್ತಿದ್ದುದನ್ನು ತಾತ ನೋಡಿದರು. ಮರುವಾರವೇ ಲಾರಿಗಟ್ಟಲೆ ಏನೇನೋ ತುಂಬಿಸಿ ಮುಚ್ಚಿಸಿದರು. ಬಾವಿ ಮುಚ್ಚುವುದು ಒಳ್ಳೆಯದಲ್ಲ ಎಂದು ಊರಿನವರು ಆಡಿಕೊಂಡರು. ಅದೇ ವರ್ಷ ತಾತ ಹೋದರು. ಆಮೇಲೆ ಜನ ಏನು ಹೇಳಿದರು ಎಂದು ಬರೆಯುವುದಿಲ್ಲ. ಆ ಬಾವಿಯ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅಂದು ನಾನು ಧೈರ್ಯ ಮಾಡಿ ಭಾವನವರ ಮನೆಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತು ವಿಷಯ ಹೇಳಿದೆ. "ನೋಡಮ್ಮಾ, ಬಾಯಿ ಮುಚ್ಕೊಂಡಿರು. ಸಾಬ್ರು ಎದ್ದು ಹೋದ್ರೆ ಇನ್ಯಾರು ಬರ್ತಾರೆ ನಿನ್ನ ಜಾಗಕ್ಕೆ?" ಎಂದರು. ಅವರು ಹೇಳಿದ್ದು ಸುಳ್ಳೇನೂ ಅಲ್ಲ. ನಾನೂ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ಆದರೆ ಹೂ ಕಟ್ಟಲು ಕೂತರೆ, ಬೆರಳಿನಷ್ಟು ಕುಸಿದ ಆ ತೊಟ್ಟಿಯ ಕಾಲೇ ಕಣ್ಣಮುಂದೆ ಬರುತ್ತಿತ್ತು.

ಬಾಯಲ್ಲಿ ಹೇಳಲಾರೆ. ಬರೆದೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದು, ಅಕ್ಷರ ದುಂಡಗೆ ಇತ್ತು. ನಿಮ್ಮ ಅಮ್ಮನ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಬರೆದು, ನಾಲ್ಕು ಮಡಿಕೆ ಮಾಡಿ, ಬೆಳಗಿನ ಟೀ ಲೋಟದ ಕೆಳಗಿಟ್ಟು ಬಂದು ನಮ್ಮ ಮನೆಯ ಬಾಗಿಲಲ್ಲಿ ನಿಂತೆ.

ಸಾಹೇಬರು ಹಾಳೆ ಬಿಚ್ಚಿದರು. ಕನ್ನಡಕ ಹಾಕಿಕೊಂಡರು, ತೆಗೆದರು. ಮೇಸ್ತ್ರಿಯ ಕೈಗೆ ಕೊಟ್ಟರು. "ಮೇಸ್ತ್ರಿ, ಇದು ಓದಿ. ನಂಗೆ ಉರ್ದು ಬರತ್ತೆ, ಇಂಗ್ಲಿಷ್ ಬರತ್ತೆ, ಕನ್ನಡ ಮಾತಾಡೋದಷ್ಟೇ."

"ಅಯ್ಯೋ ಸಾರ್, ತಮಿಳ್ ಓದಕ್ಕೇ ನಂಗೆ ಒಂದು ಗಂಟೆ ಬೇಕು!"

ಮೇಸ್ತ್ರಿ ಅದನ್ನು ಮರಳು ಹೊರುತ್ತಿದ್ದ ರಾಯಚೂರು ಕಡೆಯ ಹೆಂಗಸಿಗೆ ಕೊಟ್ಟರು, ಕನ್ನಡದವಳು ಎಂದು. ಅವಳು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನಕ್ಕಳು. "ನಮಗ ಸಾಲಿ ಎಲ್ಲೈತ್ರಿ ಸಾಬ್ರ? ಹೆಬ್ಬೆಟ್ಟು ಒತ್ತು ಅಂದ್ರ ಈಗ್ಲೇ ಒತ್ತೀನಿ."

ಅವರಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಸ್ಕೂಟರಿನ ಸದ್ದಾಯಿತು. ಭಾವನವರು ಬಂದರು. "ಏನದು ಸಾಬ್ರೇ? ಅವಳು ಬರ್ದಿದ್ದಾ? ಕೊಡಿ ಇಲ್ಲಿ, ನಾನ್ ಓದ್ತೀನಿ. ಬಾಡಿಗೆ ವಿಷ್ಯ ಇರ್ತದೆ ಅಷ್ಟೇ," ಎಂದು ಕೈ ಚಾಚಿದರು. ಸಾಹೇಬರು ಹಾಳೆಯನ್ನು ಅವರ ಕಡೆ ನೀಡಿಯೂ ಬಿಟ್ಟರು.

ನಾನು ಹೊಸಿಲು ದಾಟಿದ್ದು ನನಗೆ ನೆನಪಿಲ್ಲ. "ಕೊಡಿ, ನಾನೇ ಓದ್ತೀನಿ," ಎಂದದ್ದು ಮಾತ್ರ ನೆನಪಿದೆ. ಭಾವನವರ ಎದುರು ನಾನು ನಿಂತು ಆಡಿದ ಮೊದಲ ಮಾತು ಅದು. ಸೆರಗು ಹೊದ್ದುಕೊಂಡು, ಅಕ್ಷರದಿಂದ ಕಣ್ಣು ತೆಗೆಯದೆ ಓದಿದೆ.

"ಸಾಹೇಬರಿಗೆ ನಮಸ್ಕಾರ. ನೀವು ದೊಡ್ಡ ತೊಟ್ಟಿಗೆ ಗುರುತು ಮಾಡಿದ ಕಡೆ ನಮ್ಮ ಬಾವಿ ಇತ್ತು. ಐದಾಳು ಆಳ. ಮಗುವಿಗೆ ಅಪಾಯ ಎಂದು ನಮ್ಮ ಯಜಮಾನರು ಮುಚ್ಚಿಸಿದರು. ಒಳಗೆ ಗಟ್ಟಿ ಮಣ್ಣಿಲ್ಲ. ಇಟ್ಟಿಗೆ ಚೂರು, ಟೈರು, ಹಳೆ ಹಾಸಿಗೆ ತುಂಬಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀವು ಬೇರೆ ಜಾಗ ನೋಡಿಕೊಂಡರೂ ನನಗೆ ಬೇಸರವಿಲ್ಲ. ದಯವಿಟ್ಟು ಈ ಕಾಗದವನ್ನು ಯಾರಿಗೂ ತೋರಿಸಬೇಡಿ."

ಆ ಕೊನೆಯ ಸಾಲನ್ನೂ ಓದಿಬಿಟ್ಟಿದ್ದೆ. ರಾಯಚೂರಿನವಳು, "ಯವ್ವಾ, ಊರಿಗೆಲ್ಲಾ ಸಾರಿದಂಗಾತಲ್ಲ!" ಎಂದು ಮರಳಿನ ಬಾಂಡಲಿ ಕೆಳಗಿಟ್ಟು ನಕ್ಕಳು. ನನಗೂ ನಗು ಬಂತು, ಅಳುವಿನ ಜೊತೆಗೆ.

"ಬಾವಿ ಅಲ್ಲ ಸಾಬ್ರೇ, ಒಂದು ಗುಂಡಿ. ಏಳನೇ ಕ್ಲಾಸ್ ಓದಿದೋಳು ಇಂಜಿನಿಯರ್‌ಗೆ ಹೇಳಕ್ ಬಂದ್ಬಿಟ್ಲು," ಎಂದರು ಭಾವನವರು. ಮೇಸ್ತ್ರಿ ಹಾರೆ ಎತ್ತಿ ಸುಣ್ಣದ ಗೆರೆಯ ಒಳಗೆ ಬಿಟ್ಟರು. ಎರಡು ಗೇಣು ಇಳಿಯಿತು. ಮೀಟಿದಾಗ ಟೈರಿನ ಅಂಚು ಮೇಲೆ ಬಂತು. ಭಾವನವರು ಸ್ಕೂಟರ್ ತಿರುಗಿಸಿಕೊಂಡು ಹೋದರು.

ಸಾಹೇಬರು ಮರಳಿನ ಗುಡ್ಡೆಯ ಮೇಲೆ ಕೂತುಬಿಟ್ಟರು. ಜಾಗ ಬಿಟ್ಟು ಹೋಗುತ್ತಾರೆ ಎಂದುಕೊಂಡೆ. ಹಿಂದಿನ ಕೋಣೆಗೆ ಯಾವ ಯಾವ ಪಾತ್ರೆ ಹಿಡಿಯಬಹುದು ಎಂದು ಮನಸ್ಸು ಎಣಿಸತೊಡಗಿತ್ತು. ಆಗ ಅವರು ತಲೆ ಎತ್ತಿ ಕೇಳಿದರು.

"ಆ ಬಾವಿ ನೀರು ಹೇಗಿತ್ತು ಅಮ್ಮಾ?"

"ಸಿಹಿ ನೀರು. ಬೇಳೆ ಬೇಗ ಬೇಯ್ತಿತ್ತು."

"ಬೇಳೆ ಬೇಗ ಬೇಯ್ತಿತ್ತಾ?" ಅವರು ಎದ್ದು ನಿಂತರು. "ಅರೇ ಮೇಸ್ತ್ರಿ, ಕೇಳ್ದ್ರಾ? ಇಲ್ಲೆಲ್ಲಾ ಬೋರ್ ನೀರು ಗಡಸು, ನಲ್ಲಿ ನೀರಲ್ಲಿ ಔಷಧಿ. ಉಪ್ಪು ಕಲಸೋಕೆ ಒಳ್ಳೆ ನೀರು ಎಲ್ಲಿಂದ ತರೋದು ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ. ಅಮ್ಮ ಬೇಳೆಯಲ್ಲಿ ಟೆಸ್ಟ್ ಮಾಡಿ ಇಟ್ಟಿದ್ದಾರೆ!" ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಯಜಮಾನ್ರು ಮಗು ಉಳಿಸೋಕೆ ಮುಚ್ಚಿದ್ರು. ತಪ್ಪೇನಿದೆ ಅದ್ರಲ್ಲಿ? ನಾವು ಗಟ್ಟಿ ಜಾಲರಿ ಹಾಕಿ ತೆಗೆಯೋಣ."

ಮೂರು ವರ್ಷ ನನ್ನ ಎದೆಯ ಮೇಲಿದ್ದುದನ್ನು ಅವರು ಹೀಗೆ, ಮರಳು ಕೊಡವಿಕೊಳ್ಳುತ್ತಾ, ಇಳಿಸಿದರು.

ಇಂಜಿನಿಯರು ನಕ್ಷೆಯನ್ನು ಹೊಸದಾಗಿ ಬರೆದರು. ಕಟ್ಟಡ ಬಾವಿಯನ್ನು ಬಳಸಿ ತಿರುಗಿತು. ನೀವು ಕೇಳಿದ ತಿರುವು ಅದೇ. ದೊಡ್ಡ ತೊಟ್ಟಿ ಪೂರ್ವದ ಗಟ್ಟಿ ನೆಲಕ್ಕೆ ಹೋಯಿತು. ಒಂದೊಂದು ತೊಟ್ಟಿಗೂ ಬೇರೆ ಬೇರೆ ಕಟ್ಟೆ, ಒಂದು ಅಲ್ಲಾಡಿದರೆ ಇನ್ನೊಂದಕ್ಕೆ ತಾಗದ ಹಾಗೆ. ಬಾವಿ ತೋಡುವವರು ಬಂದು ಟೈರು, ಹಾಸಿಗೆ, ಯಾರದೋ ಹೊಲಿಗೆ ಮಿಷನ್ನಿನ ಕಾಲು ಎಲ್ಲ ಎತ್ತಿ ಹಾಕಿದರು. ನಾಲ್ಕಾಳು ಆಳಕ್ಕೆ ಒದ್ದೆ ಮಣ್ಣು ಸಿಕ್ಕಿತು, ಮರುದಿನ ಮೊಣಕಾಲುದ್ದ ನೀರು. ಆರು ತಿಂಗಳು ಮಾತು ಬಿಟ್ಟಿದ್ದ ಭಾವನವರ ಮನೆಯಿಂದಲೂ ಬೇಸಿಗೆಯಲ್ಲಿ ಕೊಡ ಬಂತು.

ತೊಟ್ಟಿಗಳನ್ನು ಕೂರಿಸುವ ದಿನ ಸಾಹೇಬರು ನೀರು ತುಂಬಿದ ಉದ್ದ ಪೈಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ತಾವು ಇನ್ನೊಂದು ತುದಿ ಹಿಡಿದು ಆ ಕೊನೆಗೆ ಹೋದರು. ಎರಡು ಕಡೆಯೂ ನೀರು ಗುರುತಿಗೆ ಸಮ ನಿಲ್ಲಬೇಕು. "ನಿಮ್ಮ ಕಡೆ ಎಷ್ಟಿದೆ ಅಮ್ಮಾ?" ನಾನು ಮೆಲ್ಲಗೆ ಹೇಳಿದೆ. "ಕೇಳಿಸಲ್ಲ, ಜೋರಾಗಿ!" ಮತ್ತೆ ಹೇಳಿದೆ. "ಇನ್ನೂ ಜೋರಾಗಿ!" ಕೊನೆಗೆ ಕೂಗಿದೆ. ಮೇಸ್ತ್ರಿ ಕಿವಿ ಮುಚ್ಚಿಕೊಂಡರು.

ಆಮೇಲೆ ಹನ್ನೊಂದು ವರ್ಷ ನಾನು ಅಲ್ಲೇ ಕೆಲಸ ಮಾಡಿದೆ. ಬಾವಿ ನೀರನ್ನು ಸೋಸಿ, ಉಪ್ಪು ಕಲಸಿ, ಹದ ನೋಡುವುದು. ಬೆಳಿಗ್ಗೆ ತೊಟ್ಟಿಗಳಲ್ಲಿ ಆರಿದಷ್ಟು ನೀರನ್ನು ತುಂಬುವುದು. "ಆರಿಹೋಗೋದು ನೀರು ಮಾತ್ರ ಅಮ್ಮಾ, ಉಪ್ಪು ಅಲ್ಲೇ ಇರತ್ತೆ, ಅದಕ್ಕೆ ಸಿಹಿ ನೀರೇ ಹಾಕ್ಬೇಕು," ಎಂದು ಕಲಿಸಿದವರು ಅವರು. ಶಾಲೆಯ ಮಕ್ಕಳು ಸಾಲಾಗಿ ನೋಡಲು ಬಂದರೆ, "ಅಮ್ಮ ಹೇಳ್ತಾರೆ ಕೇಳಿ," ಎಂದು ತಾವು ಹಿಂದೆ ಸರಿಯುತ್ತಿದ್ದರು. ನಿಮ್ಮ ಅಮ್ಮನ ಓದು, ಈ ಮನೆ, ನನ್ನ ಗಂಟಲು ಎಲ್ಲ ಅಲ್ಲಿಂದ ಬಂದದ್ದು.

ಕೊನೆಯ ವರ್ಷ ಸಕ್ಕರೆ ಕಾಯಿಲೆಯಿಂದ ಸಾಹೇಬರ ಕೈಯ ಗಾಯ ಮಾಯುತ್ತಿರಲಿಲ್ಲ, ಉಪ್ಪುನೀರಿಗೆ ಕೈ ಹಾಕಬಾರದು ಎಂದರು ಡಾಕ್ಟರು. ಬಲತೋಳು ಒಣಗಿದ ಸಾಹೇಬರನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಕುರ್ಚಿ ಹಾಕಿಕೊಂಡು ದೊಡ್ಡ ತೊಟ್ಟಿಯ ಮುಂದೆ ಕೂರುತ್ತಿದ್ದರು. ಆ ತೊಟ್ಟಿ ಇವತ್ತಿಗೂ ಕೂದಲೆಳೆಯಷ್ಟು ಇಳಿದಿಲ್ಲ. ಸಾಹೇಬರು ಮಾತ್ರ ಆ ಮಳೆಗಾಲ ಮುಗಿಯುವ ಹೊತ್ತಿಗೆ ಹೋದರು.

ನಲವತ್ತು ದಿನ ಕಳೆದ ಮೇಲೆ ಅವರ ಮಗಳು, ಈಗ ಮೀನಿನ ಮನೆ ನೋಡಿಕೊಳ್ಳುವವಳು, ಕಟ್ಟಡದ ಫೈಲು ಹಿಡಿದು ನಮ್ಮ ಮನೆಗೆ ಬಂದಳು. ಇಂಜಿನಿಯರ ನಕ್ಷೆಗಳ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ, ನಾಲ್ಕು ಮಡಿಕೆ ಬಿದ್ದ ಒಂದು ನೋಟ್‌ಬುಕ್ ಹಾಳೆ. "ಇದೇನು ಅಂತ ಕೇಳಿದ್ರೆ ನಮ್ಮ ಅಬ್ಬಾ, ಇದೇ ಮೊದಲ್ನೇ ಪ್ಲಾನು ಅಂತಿದ್ರು. ಏನಿದೆ ಆಂಟಿ ಇದ್ರಲ್ಲಿ?" ಎಂದಳು. ಅವಳಿಗೂ ಕನ್ನಡ ಓದಲು ಬಾರದು. ನಾನು ಮತ್ತೊಮ್ಮೆ ಗಟ್ಟಿಯಾಗಿ ಓದಿದೆ. ಹಾಳೆಯನ್ನು ಕವರಿನ ಸಮೇತ ಅವಳು ನನ್ನ ಬಳಿಯೇ ಬಿಟ್ಟು ಹೋದಳು.

ಒಂದಕ್ಷರವೂ ಓದಲು ಬಾರದವರು ಆ ಹಾಳೆಯನ್ನು ಅಷ್ಟು ವರ್ಷ ತೇವ ತಾಗದಂತೆ ಇಟ್ಟುಕೊಂಡಿದ್ದರು. ಇಂಚರಾ, ತನ್ಮಯಾ, ನೀವು ಕನ್ನಡವನ್ನು ತಡವರಿಸಿ ಓದುತ್ತೀರಿ ಎಂದು ನನಗೆ ಗೊತ್ತು. ಪರವಾಗಿಲ್ಲ, ನಾನಿರುವವರೆಗೆ ಕರೆಯಿರಿ, ಜೋರಾಗಿ ಓದಿ ಹೇಳುತ್ತೇನೆ. ಈ ಹಾಳೆಗಳನ್ನು ಮಾತ್ರ ಅದೇ ಕವರಿನಲ್ಲಿ, ಆ ಹಳೆಯ ಹಾಳೆಯ ಜೊತೆಗೇ ಇಡಿ.