ವಾಣಿಶ್ರೀ ಟೈಪ್ ಮಾಡಿದ ಕ್ಷಮಾಪಣೆ

ಸಿಟ್ಟನ್ನು ಇಷ್ಟು ಅಚ್ಚುಕಟ್ಟಾಗಿ ಸಾಕಿಕೊಂಡವರನ್ನು ನಾನು ಬೇರೆ ಕಂಡಿಲ್ಲ. ವಾಣಿಶ್ರೀ ನನ್ನ ಅಂಗಡಿಗೆ ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಮೂರರಲ್ಲಿ. ಮುಳಬಾಗಿಲು ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಅಂಗಡಿ. ಮುಂದೆ ಎಸ್‌ಟಿಡಿ, ಜೆರಾಕ್ಸ್, ಹಿಂದಿನ ಕೋಣೆಯಲ್ಲಿ ಇಂಟರ್ನೆಟ್. ಕೋಲಾರದಲ್ಲಿ ಬಿ.ಕಾಂ. ಮುಗಿಸಿ ಬಂದ ಹುಡುಗಿ. ನಗುಮುಖ, ಗಿರಾಕಿಗಳಿಗೆ ಒಂದು ಬಿರುಸು ಮಾತು ಆಡಿದವಳಲ್ಲ. ಒಳಗೆ ಇಂಥದ್ದೊಂದು ಕೆಂಡ ಇದೆ ಎಂದು ನನಗೆ ಗೊತ್ತಾಗಿದ್ದು ಸೀತಾರಾಮರಾಯರು ನಮ್ಮ ಮೆಟ್ಟಿಲು ಹತ್ತಿದ ಮೇಲೆ.

ರಾಯರು ಮುಳಬಾಗಿಲಿನವರೇ, ಮಠದ ಕಡೆ ಅವರ ಮನೆ. ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮ್ಯಾನೇಜರಾಗಿದ್ದು, ನಿವೃತ್ತರಾಗಿ ಬಂದಿದ್ದರು. ಕೈಕೆಳಗೆ ಯಾರೂ ಇಲ್ಲದೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ನೆಂಟರ ಪೈಕಿ ಯಾರೋ ಅವರನ್ನು ಇಂಟರ್ನೆಟ್ಟಿನ ಒಂದು ಗುಂಪಿಗೆ ಸೇರಿಸಿದ್ದರು. ಪುಣೆ, ಚೆನ್ನೈ, ದುಬೈ ಹೀಗೆ ಎಲ್ಲೆಲ್ಲೋ ಇರುವವರು ಮ್ಯಾನೇಜ್‌ಮೆಂಟ್ ಪುಸ್ತಕಗಳನ್ನು ಓದಿ, ಪ್ರಾಜೆಕ್ಟ್ ಹೇಗೆ ನಡೆಸಬೇಕು, ಜನರನ್ನು ಹೇಗೆ ಮುನ್ನಡೆಸಬೇಕು ಎಂದು ಇಮೇಲಿನಲ್ಲಿ ಚರ್ಚೆ ಮಾಡುವ ಗುಂಪು ಅದು. ಅಲ್ಲಿ ಎಲ್ಲರೂ ಇವರನ್ನು ‘ಸೀತಾರಾಮ್ ಸರ್’ ಎನ್ನುತ್ತಿದ್ದರು. ಆ ‘ಸರ್’ ಇಲ್ಲದೆ ರಾಯರಿಗೆ ಬೆಳಗಿನ ಕಾಫಿ ಸೇರುತ್ತಿರಲಿಲ್ಲ.

ಆದರೆ ಟೈಪ್ ಮಾಡಲು ಬಾರದು. ಟೈಪ್ ಮಾಡುವುದು ಸ್ಟೆನೋ ಕೆಲಸ. ಮ್ಯಾನೇಜರ್ ಆದವನು ಹೇಳಬೇಕು, ಬರೆಯಬಾರದು ಎನ್ನುವುದು ಅವರ ಸಿದ್ಧಾಂತ. ಕಣ್ಣಿನ ಆಪರೇಷನ್ ಆಗಿದ್ದರಿಂದ ಸ್ಕ್ರೀನ್ ನೋಡಿದರೆ ನೀರು ಸುರಿಯುತ್ತಿತ್ತು. ಹಾಗಾಗಿ ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ಹೇಳುವುದು, ವಾಣಿಶ್ರೀ ಟೈಪ್ ಮಾಡಿ ಕಳಿಸುವುದು, ಬಂದ ಉತ್ತರಗಳನ್ನು ಮರುದಿನ ಅವಳೇ ಓದಿ ಹೇಳುವುದು ಎಂದಾಯಿತು. ಎಷ್ಟೋ ವಾರ ಹೀಗೆ ನಡೆದರೂ, “ಯಾವ ಊರಮ್ಮಾ ನಿಂದು?” ಎಂದು ಒಂದು ಸಲ ಕೇಳಿದ್ದು ಬಿಟ್ಟರೆ ಅವಳು ಯಾರ ಮಗಳು ಎಂದು ಅವರು ವಿಚಾರಿಸಲಿಲ್ಲ. “ಶ್ರೀನಿವಾಸಪುರದ ಕಡೆ ಸಾರ್” ಎಂದು ಅವಳೂ ಅಷ್ಟಕ್ಕೇ ನಿಲ್ಲಿಸಿದ್ದಳು.

ಅವಳಿಗೆ ಮೊದಲ ದಿನವೇ ಗುರುತು ಸಿಕ್ಕಿತ್ತು. ಅಂಗಡಿ ಬಾಗಿಲು ಹಾಕುವಾಗ ನನಗೆ ಎಲ್ಲವನ್ನೂ ಹೇಳಿದಳು.

ಅವಳ ಅಪ್ಪ ನರಸಿಂಹಪ್ಪ ಅದೇ ಕಾರ್ಖಾನೆಯಲ್ಲಿ ಗೂಡಿನ ಮೇಸ್ತ್ರಿ, ಹೆಂಚು ಸುಡುವ ಗೂಡು ಅವನ ಸುಪರ್ದಿನಲ್ಲಿತ್ತು. ತೊಂಬತ್ನಾಲ್ಕರಲ್ಲಿ ಬೆಂಗಳೂರಿನ ಕಂಟ್ರಾಕ್ಟರೊಬ್ಬ ಹೆಂಚು ಬೇಗ ಬೇಕೆಂದು ಪೀಡಿಸುತ್ತಿದ್ದ. ಗೂಡು ಇನ್ನೂ ಆರಿರಲಿಲ್ಲ. ರಾಯರು ತೆಗೆಯಲು ಹೇಳಿದರು, ನರಸಿಂಹಪ್ಪ ತೆಗೆಸಿದ. ಬಿಸಿ ಹೆಂಚಿಗೆ ಗಾಳಿ ತಾಕಿ ಅರ್ಧಕ್ಕರ್ಧ ಸೀಳಿತು. ಮಾಲೀಕರು ಬಂದು ಕೇಳಿದಾಗ, “ಕುಡಿದು ಬಂದು ನನ್ನನ್ನ ಕೇಳ್ದೆ ತೆಗೆದಿದಾನೆ” ಎಂದುಬಿಟ್ಟರು ರಾಯರು. ನರಸಿಂಹಪ್ಪ ಹೆಂಡ ಮುಟ್ಟಿದವನಲ್ಲ. ರಾಯರು ಅಷ್ಟಕ್ಕೇ ಬಿಡಲಿಲ್ಲ. ಸೀಳಿದ ಹೆಂಚೊಂದನ್ನು ಅವನ ಎದೆಗೆ ಹಿಡಿಸಿ, ಶಿಫ್ಟ್ ಬಿಟ್ಟು ಹೋಗುವವರೂ ಬರುವವರೂ ನೋಡುವ ಹಾಗೆ ಗೇಟಿನಲ್ಲಿ ನಿಲ್ಲಿಸಿದರು. ಅಪ್ಪನಿಗೆ ಊಟದ ಕ್ಯಾರಿಯರ್ ಹಿಡಿದು ಬಂದ ವಾಣಿಶ್ರೀ ಆಗ ಏಳನೇ ಕ್ಲಾಸು. ಅಪ್ಪ ಅವಳನ್ನು ಕಂಡು ಗೋಡೆ ಕಡೆ ತಿರುಗಿದ. ರಾಯರು, “ಈ ಕಡೆ ನೋಡಯ್ಯಾ” ಎಂದು ಮತ್ತೆ ತಿರುಗಿಸಿದರು.

ಅದಾದ ಮೇಲೆ ನರಸಿಂಹಪ್ಪ ಹೆಂಡತಿ ಚಿಕ್ಕಗಂಗಮ್ಮನ ತವರು ಗೌನಿಪಲ್ಲಿಗೆ ಬಂದು ಮಾವಿನ ಮಂಡಿಯಲ್ಲಿ ಕೆಲಸ ಹಿಡಿದ. ಮಾಲೂರು ಯಾಕೆ ಬಿಟ್ಟೆ ಎಂದು ಕೇಳಿದವರಿಗೆ, ಅಲ್ಲಿಯ ನೀರು ಒಗ್ಗಲಿಲ್ಲ ಎನ್ನುತ್ತಿದ್ದ. ಗೌನಿಪಲ್ಲಿಯಲ್ಲಿ ಅವನಿಗೆ ಮರ್ಯಾದೆ ಇತ್ತು, ಜಗಳ ಆದರೆ ಪಂಚಾಯಿತಿಗೆ ಅವನನ್ನು ಕರೆಯುತ್ತಿದ್ದರು.

“ಏನ್ ಮಾಡ್ಬೇಕು ಅಂತಿದೀಯ?” ಎಂದೆ.

“ಅವರು ಯಾರ ಮುಂದೆ ಮೆರೀತಾರೋ ಅವರ ಮುಂದೇನೇ ನಿಲ್ಲಿಸ್ಬೇಕು ಅಣ್ಣ. ನಮ್ಮಪ್ಪ ನಿಂತ ಹಾಗೇ.”

ನಾನು ಬುದ್ಧಿ ಹೇಳಬೇಕಾಗಿತ್ತು. ಹೇಳಲಿಲ್ಲ. ನನಗೂ ಆ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ. ನನ್ನನ್ನು ಅವರು ‘ಏಯ್ ಜೆರಾಕ್ಸ್’ ಎಂದು ಕರೆಯುತ್ತಿದ್ದರು.

ಕಾದದ್ದು ಫಲಿಸಿತು. ಒಂದು ತಿಂಗಳು ಗುಂಪಿನಲ್ಲಿ ಹೊಣೆಗಾರಿಕೆಯ ಬಗ್ಗೆ ಚರ್ಚೆ ನಡೆದಿತ್ತು. ಪ್ರತಿಯೊಬ್ಬರೂ ತಮ್ಮ ಅನುಭವದ ಒಂದು ಪ್ರಸಂಗ ಬರೆಯಬೇಕಿತ್ತು. ರಾಯರು ಬಂದು ಕೂತವರೇ ಕಾಲು ಮೇಲೆ ಕಾಲು ಹಾಕಿ ಮಾಲೂರಿನ ಗೂಡಿನ ಕಥೆಯನ್ನೇ ಶುರು ಮಾಡಿದರು. ಕುಡುಕ ಮೇಸ್ತ್ರಿಯೊಬ್ಬ ಗೂಡು ಹಾಳು ಮಾಡಿದ್ದು, ತಾವು ಅವನ ಕೈಗೆ ಹೆಂಚು ಕೊಟ್ಟು ಗೇಟಿನಲ್ಲಿ ನಿಲ್ಲಿಸಿದ್ದು, ಅಂದಿನಿಂದ ಕಾರ್ಖಾನೆಯಲ್ಲಿ ಶಿಸ್ತು ಬಂದದ್ದು. ನಾನು ಜೆರಾಕ್ಸ್ ಮೆಷಿನ್ ನಿಲ್ಲಿಸಿ ಕೇಳುತ್ತಿದ್ದೆ. ನನ್ನ ಮೈ ಉರಿಯುತ್ತಿತ್ತು. ಅವಳ ಬೆರಳು ಒಂದು ಕ್ಷಣವೂ ನಿಲ್ಲಲಿಲ್ಲ.

ಅವಳು ಟೈಪ್ ಮಾಡಿದ್ದೇ ಬೇರೆ. ‘ಗೂಡು ತೆಗೆಯಲು ಆಜ್ಞೆ ಕೊಟ್ಟವನು ನಾನು. ನನ್ನ ಕೆಲಸ ಉಳಿಸಿಕೊಳ್ಳಲು ಮೇಸ್ತ್ರಿ ಕುಡಿದಿದ್ದ ಎಂದು ಸುಳ್ಳು ಹೇಳಿದೆ. ಅವನ ಮಗಳ ಕಣ್ಣೆದುರು ಅವನನ್ನು ಗೇಟಿನಲ್ಲಿ ನಿಲ್ಲಿಸಿದೆ. ಅವನ ಹೆಸರು ನರಸಿಂಹಪ್ಪ. ಈಗ ಅವನು ಗೌನಿಪಲ್ಲಿಯಲ್ಲಿದ್ದಾನೆ’ ಎಂದು ರಾಯರ ಹೆಸರಿನಲ್ಲೇ ಬರೆದು ಕಳಿಸಿಬಿಟ್ಟಳು.

ಮರುದಿನ ಬೆಳಿಗ್ಗೆ ನಾನು ಬರುವ ಹೊತ್ತಿಗೇ ಅವಳು ಕಂಪ್ಯೂಟರ್ ಮುಂದೆ ಕೂತಿದ್ದಳು. ಮುಖ ಸುಣ್ಣವಾಗಿತ್ತು. ಗುಂಪಿನವರು ಉಗಿಯುತ್ತಾರೆ ಎಂದು ಕಾದವಳಿಗೆ ಸಿಕ್ಕಿದ್ದು ಹೂಮಾಲೆ. ‘ಇಂಥ ಧೈರ್ಯ ಎಷ್ಟು ಜನಕ್ಕಿದೆ!’ ‘ಸರ್, ನೀವು ನಿಜವಾದ ನಾಯಕರು.’ ‘ನಿಮ್ಮ ಪತ್ರ ಓದಿ ಕಣ್ಣು ತುಂಬಿತು.’ ನೋಯಿಸಿದವನು ಅದನ್ನು ಚೆನ್ನಾಗಿರುವ ಇಂಗ್ಲಿಷಿನಲ್ಲಿ ಬರೆದರೆ ದೊಡ್ಡವನಾಗುತ್ತಾನೆಂದು ನನಗೂ ಅವತ್ತೇ ಗೊತ್ತಾಗಿದ್ದು.

ರಾಯರು ಬಂದಾಗ ಅವಳು ಅವನ್ನೆಲ್ಲ ಓದಿ ಹೇಳಬೇಕಾಯಿತು. ತಾವು ಹೇಳಿದ ಕಥೆಗೇ ಈ ಹೊಗಳಿಕೆ ಎಂದುಕೊಂಡ ಅವರು ಉಬ್ಬಿಹೋದರು. “ನೋಡಿದ್ಯಾ ಅಮ್ಮಾ? ಗಟ್ಟಿಯಾಗಿರ್ಬೇಕು. ಗಟ್ಟಿಯಾಗಿದ್ರೆ ಜನ ಮೆಚ್ತಾರೆ” ಎಂದು ನನಗೂ ಅವಳಿಗೂ ಕಾಫಿ ತರಿಸಿದರು. ಅವಳು ಆ ಕಾಫಿಯನ್ನು ಹಿಂದಿನ ಮೋರಿಗೆ ಚೆಲ್ಲಿದಳು.

ಪುಣೆಯ ಸುಮೇಧಾ ಎಂಬ ಹೆಂಗಸು ಮಾತ್ರ ಹೊಗಳಿರಲಿಲ್ಲ. ‘ಬರೆದದ್ದು ಸರಿ. ಆ ಮನುಷ್ಯನ ಬಳಿ ಕ್ಷಮೆ ಕೇಳಿದಿರಾ?’ ಎಂದು ಒಂದೇ ಸಾಲು ಕೇಳಿದ್ದಳು. ಇದನ್ನು ವಾಣಿಶ್ರೀ ರಾಯರಿಗೆ ಓದಲಿಲ್ಲ. ಅವರು ಹೋದ ಮೇಲೆ ಅವರ ಹೆಸರಿನಲ್ಲಿ ಉತ್ತರ ಬರೆದಳು: ‘ಇಲ್ಲ. ಮಾವಿನ ಸುಗ್ಗಿ ಮುಗಿಯುವುದರೊಳಗೆ ಗೌನಿಪಲ್ಲಿಗೆ ಹೋಗಿ, ಅವನೂರಿನವರ ಮುಂದೆ ಕೈಮುಗಿದು ಕೇಳುತ್ತೇನೆ.’

ಅವರೆಲ್ಲ ಪ್ರಾಜೆಕ್ಟ್ ನಡೆಸುವ ಜನ. ಸುಮ್ಮನೆ ಬಿಡುವವರಲ್ಲ. ಕ್ಷಮೆ ಕೇಳುವುದನ್ನೇ ಒಂದು ಪ್ರಾಜೆಕ್ಟ್ ಮಾಡಿ ತಾರೀಖು ಹಾಕಿದರು. ಹೊಣೆ ಯಾರದು ಎಂಬಲ್ಲಿ ಸೀತಾರಾಮ್ ಸರ್ ಎಂದು ಬರೆದರು. ವಾರವಾರವೂ ಪ್ರಗತಿ ಎಲ್ಲಿಗೆ ಬಂತು ಎಂದು ಕೇಳತೊಡಗಿದರು. ಇದನ್ನೂ ವಾಣಿಶ್ರೀ ರಾಯರಿಗೆ ಓದಲಿಲ್ಲ. ಗುಂಪು ನಡೆಸುತ್ತಿದ್ದ ಬೆಂಗಳೂರಿನ ಕೌಸ್ತುಭ್ ಎಂಬ ಹುಡುಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾನೂ ಜೊತೆಗೆ ಬರುತ್ತೇನೆ ಎಂದು ರಾಯರ ಮನೆಗೇ ಫೋನ್ ಮಾಡಿದ.

ಅರ್ಧ ಗಂಟೆಯಲ್ಲಿ ರಾಯರು ಅಂಗಡಿಯಲ್ಲಿದ್ದರು. ಮುಖ ಕೆಂಪಗಾಗಿತ್ತು.

“ಯಾರಮ್ಮಾ ನೀನು?”

“ನರಸಿಂಹಪ್ಪನ ಮಗಳು ಸಾರ್. ಕ್ಯಾರಿಯರ್ ತಂದಿದ್ನಲ್ಲ, ಅವಳೇ.”

ರಾಯರು ಕೂತರು. ಕೂಗಾಡುತ್ತಾರೆ, ಪೊಲೀಸ್ ಎನ್ನುತ್ತಾರೆ ಎಂದು ನಾನು ಸಿದ್ಧನಾಗಿ ನಿಂತಿದ್ದೆ. ಅವರು ಹೇಳಿದ್ದು ಇಷ್ಟೇ: “ಬರೆದದ್ದನ್ನೆಲ್ಲಾ ಓದು.” ಅವಳು ಓದಿದಳು. ಹೊಗಳಿಕೆಗಳನ್ನು ಇನ್ನೊಂದು ಸಲ ಓದಿಸಿಕೊಂಡರು. ಈ ಸಲ ಅವು ಯಾತಕ್ಕೆ ಬಂದವೆಂದು ತಿಳಿದು ಕೇಳಿದರು. ಇದೆಲ್ಲ ಟೈಪಿಸ್ಟ್ ಹುಡುಗಿಯ ಕಿತಾಪತಿ ಎಂದರೆ ಆ ‘ಸರ್’ ಉಳಿಯುವುದಿಲ್ಲ, ಹೌದು ಎಂದರೆ ಇನ್ನೂ ಬೆಳೆಯುತ್ತದೆ. ಮ್ಯಾನೇಜರ್ ತಲೆ, ಲೆಕ್ಕ ಬೇಗ ಹೊಳೆಯಿತು.

“ಹೋಗೋಣ” ಎಂದರು. “ಏಯ್ ಜೆರಾಕ್ಸ್, ನಿನ್ನ ವ್ಯಾನ್ ಇದೆಯಲ್ಲ?”

ವಾಣಿಶ್ರೀ ಹಲ್ಲು ಕಡಿದಳು. ರಾಯರನ್ನು ನಿಲ್ಲಿಸಬೇಕೆಂದು ಅವಳು ಹೂಡಿದ ಆಟದಲ್ಲಿ ಅವರು ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದ್ದರು. ಆದರೂ ಅಪ್ಪನ ಮುಂದೆ ಕೈಮುಗಿಯುವುದು ತಪ್ಪುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು. ಅಪ್ಪನಿಗೆ ಮೊದಲೇ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾನೆಂದು ಅವಳಿಗೆ ಗೊತ್ತಿತ್ತು.

ಜೂನ್ ತಿಂಗಳು. ಕೌಸ್ತುಭ್ ಬೆಂಗಳೂರಿನಿಂದ ಬಂದು ನಮ್ಮ ವ್ಯಾನ್ ಹತ್ತಿದ. ಗೌನಿಪಲ್ಲಿಯ ಮಂಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಲಾರಿಗಳು, ತೋಟದವರು, ಹಣ್ಣು ವಿಂಗಡಿಸುವ ಹೆಂಗಸರು, ಮಂಡಿ ಮಾಲೀಕ ಮುನಿಕೃಷ್ಣಪ್ಪ. ನರಸಿಂಹಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಯಾರಿಗೋ ದಬಾಯಿಸುತ್ತಿದ್ದ. ವ್ಯಾನಿನಿಂದ ಇಳಿದವರನ್ನು ಕಂಡು ದಬಾಯಿಸುವುದನ್ನು ನಿಲ್ಲಿಸಿದ. ಟವೆಲ್ ತಾನಾಗಿ ಹೆಗಲಿನಿಂದ ಕೈಗೆ ಬಂತು. ಅದನ್ನು ನೋಡಿದಾಗಲೇ ವಾಣಿಶ್ರೀಯ ಮುಖ ಬಾಡಿತು.

ರಾಯರು ಸುತ್ತ ನೋಡಿ, ಜನ ಸೇರುವವರೆಗೆ ಕಾದು, ಕೈಮುಗಿದರು. ಒಳ್ಳೆಯ ಭಾಷಣ. ಗೂಡು, ಸುಳ್ಳು, ಕುಡುಕ ಎಂದದ್ದು, ಹೆಂಚು ಹಿಡಿಸಿ ಗೇಟಿನಲ್ಲಿ ನಿಲ್ಲಿಸಿದ್ದು, ಒಂದನ್ನೂ ಬಿಡದೆ ಗಟ್ಟಿ ದನಿಯಲ್ಲಿ ಹೇಳಿದರು. ಕೌಸ್ತುಭ್ ಕ್ಯಾಮೆರಾ ತೆಗೆದ. ಹಣ್ಣು ವಿಂಗಡಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನರಸಿಂಹಪ್ಪನನ್ನೇ ನೋಡಿದರು. ರಾಯರನ್ನು ಯಾರೂ ನೋಡಲಿಲ್ಲ.

“ಆಯ್ತಾ ಸಾರ್?” ಎಂದ ನರಸಿಂಹಪ್ಪ. “ನನ್ ಕೈಲಿ ಕ್ಷಮಿಸಕ್ಕಾಗಲ್ಲ. ಹೊರಡಿ.”

ಆಮೇಲೆ ಮಗಳ ಕಡೆ ತಿರುಗಿದ. “ಆವತ್ತು ಮಾಲೂರ್ನೋರು ನೋಡಿದ್ರು. ಈವತ್ತು ಈ ಊರ್ನೋರೂ ನೋಡಿದ್ರು. ಇನ್ನು ನಾನು ಯಾವೂರಿಗೆ ಹೋಗ್ಲಮ್ಮಾ?”

“ಅಪ್ಪಾ, ನಾನು...”

“ಚಾಲಮ್ಮಾ. ಸಾಕು. ನನ್ ಹೆಸರು ಎಲ್ಲೂ ಎತ್ಬೇಡ. ನಾನು ಇರೋಗಂಟ ಎತ್ಬೇಡ.”

ವಾಪಸು ಬರುವಾಗ ಕೌಸ್ತುಭ್ ಕ್ಯಾಮೆರಾವನ್ನು ಚೀಲದೊಳಗೆ ತುರುಕಿಬಿಟ್ಟ. ಪಾಪ, ಅವನಿಗಾದರೂ ನಾಚಿಕೆ ಇತ್ತು. ತೆಗೆದ ಫೋಟೋಗಳನ್ನು ಅಳಿಸಿಬಿಡುತ್ತೇನೆ, ನಾನು ಏನೂ ಬರೆಯುವುದಿಲ್ಲ ಎಂದು ಮುಳಬಾಗಿಲಿನಲ್ಲಿ ಇಳಿಯುವಾಗ ವಾಣಿಶ್ರೀಗೆ ಹೇಳಿದ. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ದಿನ, ಅದೂ ಅಂಗಡಿಯ ಹಿಂದೆ ನಿಂತು.

ಮರುದಿನ ರಾಯರು ಏನೂ ಆಗದವರಂತೆ ಬಂದು ಕುರ್ಚಿಗೆ ಒರಗಿದರು. “ಬರ್ಕೋ ಅಮ್ಮಾ. ನರಸಿಂಹಪ್ಪ ನನ್ನನ್ನು ಅಪ್ಪಿಕೊಂಡು ಕಣ್ಣೀರಿಟ್ಟು ಕ್ಷಮಿಸಿದ. ಊರಿನವರೆಲ್ಲ ಚಪ್ಪಾಳೆ ತಟ್ಟಿದರು.”

ನಾನು ಅವಳನ್ನು ನೋಡಿದೆ. ಈಗ ಅವಳ ಕೈಯಲ್ಲಿತ್ತು ಎಲ್ಲ. ‘ಕ್ಷಮಿಸಲಿಲ್ಲ, ಹೊರಡಿ ಎಂದ’ ಎಂದು ಒಂದು ಸಾಲು ಹೊಡೆದರೆ ಸಾಕು, ಸೀತಾರಾಮ್ ಸರ್ ಮುಗಿದರು. ಆದರೆ ಆ ಸಾಲಿನ ಹಿಂದೆಯೇ ಗುಂಪಿನವರು ನರಸಿಂಹಪ್ಪನನ್ನು ಇನ್ನೊಂದು ಸುತ್ತು ನಿಲ್ಲಿಸಿಕೊಂಡು ಚರ್ಚೆ ಮಾಡುತ್ತಿದ್ದರು. ಅವನು ಕ್ಷಮಿಸಬೇಕಿತ್ತೇ, ಕ್ಷಮಿಸಬಾರದಿತ್ತೇ, ಅವನಿಂದ ನಾವು ಕಲಿಯುವುದೇನು ಎಂದು.

ಅವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. “ಅಪ್ಪನ ಹೆಸರೂ ಊರೂ ಇರಬಾರ್ದು ಸಾರ್. ‘ಆ ಕೆಲಸಗಾರ’ ಅಂತ ಮಾತ್ರ ಹಾಕ್ತೀನಿ.”

“ಹೆಸರಿಲ್ದೆ ಇದ್ರೆ ತೂಕ ಇರಲ್ಲಮ್ಮಾ.”

“ಹಾಗಾದ್ರೆ ನೀವೇ ಟೈಪ್ ಮಾಡಿ” ಎಂದು ಕೀಬೋರ್ಡನ್ನು ಅವರ ಕಡೆ ತಳ್ಳಿದಳು.

ರಾಯರು ಅದನ್ನು ನೋಡಿದರು, ಮುಟ್ಟಲಿಲ್ಲ. “ಸರಿ, ಹಾಗೇ ಹಾಕು” ಎಂದರು. ಹೆಸರು, ಊರು ಎರಡನ್ನೂ ಬಿಟ್ಟು ಅವಳು ಅವರು ಹೇಳಿದ್ದನ್ನು ಹೇಳಿದ ಹಾಗೇ ಟೈಪ್ ಮಾಡಿ, ಗಟ್ಟಿಯಾಗಿ ಓದಿ ಹೇಳಿ, ಕಳಿಸಿದಳು. ಪ್ರಾಜೆಕ್ಟ್ ಯಶಸ್ವಿಯಾಗಿ ಮುಗಿಯಿತು ಎಂದು ಗುಂಪಿನವರು ಸಂಭ್ರಮಪಟ್ಟರು. ರಾಯರಿಗೆ ಬೆಂಗಳೂರಿನ ಸಭೆಗೆ ಕರೆಯೂ ಬಂತು.

“ಬಿಟ್ಬಿಟ್ಯಾ?” ಎಂದು ಕೇಳಿದೆ. ನನಗೆ ಅವಳ ಮೇಲೇ ಸಿಟ್ಟು ಬಂದಿತ್ತು.

“ಎಲ್ಲಿ ಬಿಟ್ಟೆ ಅಣ್ಣ? ನಾನು ಇರೋಗಂಟ ಅಂದ್ನಲ್ಲ ಅಪ್ಪ. ಅಪ್ಪ ನೂರು ವರ್ಷ ಇರ್ಲಿ. ಆದ್ರೆ ಅವನಾದ ಮೇಲೆ ಇವರು ಒಂದು ದಿನವಾದ್ರೂ ಇರ್ಬೇಕು. ಅವತ್ತು ಎಲ್ಲಾನೂ ಬರೀತೀನಿ, ನನ್ನ ಹೆಸರಲ್ಲೇ.”

ಅಂದಿನಿಂದ ರಾಯರು ಬಂದ ಕೂಡಲೇ ಅವಳು ಮೊದಲು ಕೇಳುತ್ತಿದ್ದದ್ದು ಬಿ.ಪಿ. ಮಾತ್ರೆಯ ವಿಚಾರ. ಬಿಸಿಲಿನಲ್ಲಿ ನಡೆದು ಬಂದರೆ ಗದರುತ್ತಿದ್ದಳು. ಕಾಫಿಗೆ ಸಕ್ಕರೆ ಹಾಕಬೇಡವೆಂದು ಹೋಟೆಲ್‌ನವನಿಗೆ ಹೇಳಿಟ್ಟಿದ್ದಳು. ಎರಡು ದಿನ ಬಾರದಿದ್ದರೆ ಮಠದ ಕಡೆ ಹೋಗಿ ಮನೆಯಲ್ಲಿ ವಿಚಾರಿಸಿಕೊಂಡು ಬರುತ್ತಿದ್ದಳು.

“ಹೆತ್ತ ಮಗಳೂ ಇಷ್ಟು ನೋಡ್ಕೊಳ್ಳಲ್ಲಯ್ಯಾ” ಎಂದು ರಾಯರು ಒಂದು ದಿನ ನನ್ನ ಮುಂದೆ ಕಣ್ಣೊರೆಸಿಕೊಂಡರು.

“ಹೌದು ಸಾರ್” ಎಂದೆ. ಒಳಗಿನಿಂದ ಅವಳು ಒಂದು ಲೋಟ ನೀರು ತಂದು, ಅವರು ಮಾತ್ರೆ ನುಂಗುವವರೆಗೂ ಅಲ್ಲೇ ನಿಂತಿದ್ದಳು.