ತಂಗಿಗಿಂತ ಗಿಡ್ಡನಾದ ಅಣ್ಣ

ಮೊನ್ನೆ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಲು ಚಳ್ಳಕೆರೆ ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋಗೆ ಹೋದೆ. ಐದು ನಿಮಿಷದ ಕೆಲಸ. ಅರ್ಧ ದಿನ ಕೂತುಬಿಟ್ಟೆ.

ಯಾಕೆ ಅಂತೀರಾ? ಅಲ್ಲೊಂದು ಜಗಳ ನಡೆಯುತ್ತಿತ್ತು. ಫೋಟೋದಲ್ಲಿ ಹುಡುಗನನ್ನು ಎಷ್ಟು ಎತ್ತರ ಮಾಡಬೇಕು ಅನ್ನುವುದೇ ಜಗಳ. (ಪಕ್ಕದವರ ಜಗಳ ನೋಡುವ ಸುಖ ನಿಮಗೂ ಗೊತ್ತು. ನನ್ನೊಬ್ಬಳ ಮೇಲೇ ಗೂಬೆ ಕೂರಿಸಬೇಡಿ.)

ಜಗಳ ಗಂಡ ಹೆಂಡತಿಯದು. ತಿಪ್ಪೇಸ್ವಾಮಿ ಇಲ್ಲಿನ ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಮೂಟೆ ಹೊರುತ್ತಾನೆ. ಹೆಂಡತಿ ಓಬಮ್ಮನ ತವರು ಮೊಳಕಾಲ್ಮುರು ಕಡೆಯ, ಆಂಧ್ರದ ಗಡಿಗೆ ಅಂಟಿದ ರಾಂಪುರ. ಹಾಗಾಗಿ ಅವಳ ಮಾತು ಕನ್ನಡ, ಸಿಟ್ಟು ತೆಲುಗು. ಜೊತೆಗೆ ಆರು ವರ್ಷದ ಮಗಳು ಚೈತ್ರ. ಹೊಸ ಮನೆಯ ಗೋಡೆಗೆ ಇಡೀ ಮನೆಮಂದಿಯ ದೊಡ್ಡ ಫೋಟೋ ಬೇಕಂತೆ. ಇಡೀ ಅಂದರೆ ಇಡೀ. ತೀರಿಕೊಂಡ ಮಗ ಶಿವೂನೂ ಸೇರಿ.

ಶಿವು ಹೋದಾಗ ಅವನಿಗೆ ನಾಲ್ಕು ವರ್ಷ. ಜ್ವರ ಬಂತು, ನೋಡನೋಡುತ್ತಲೇ ಹೋಗಿಬಿಟ್ಟ. ಆಗ ಚೈತ್ರ ಇನ್ನೂ ಅವ್ವನ ಹೊಟ್ಟೆಯಲ್ಲಿದ್ದಳು.

ಸ್ಟುಡಿಯೋದ ಸಲೀಂಗೆ ಇಂಥ ಕೆಲಸ ಹೊಸದಲ್ಲ. ಸತ್ತ ಅಜ್ಜನಿಗೆ ಕೋಟು ತೊಡಿಸುತ್ತಾನೆ, ಬದುಕಿದ್ದಾಗ ಒಂದು ದಿನವೂ ಜೊತೆಗೆ ನಿಲ್ಲದ ಗಂಡ ಹೆಂಡತಿಯನ್ನು ಸ್ವಿಟ್ಜರ್ಲೆಂಡಿನಲ್ಲಿ ನಿಲ್ಲಿಸುತ್ತಾನೆ. ಮಕ್ಕಳಾದರೆ ಹಾರ, ಮೋಡ, ಎರಡು ಪಾರಿವಾಳ, ಕೆಳಗೆ 'ಮತ್ತೆ ಹುಟ್ಟಿ ಬಾ ಕಂದ'. ಮೊದಲು ಅದನ್ನೇ ತೋರಿಸಿದ. ಓಬಮ್ಮನಿಗೆ ಹಿಡಿಸಲಿಲ್ಲ.

"ಹಾರ ತೆಗೀರಿ ಅಣ್ಣ. ನಾವು ನಾಕು ಜನ. ನಾಕು ಜನ ಜೊತೇಲಿ ಇದ್ದಂಗೆ ಮಾಡ್ರಿ, ಸಾಕು."

ಶಿವುವಿನದು ಇರುವುದೇ ಒಂದು ಫೋಟೋ. ಸೋದರಮಾವ ಮೊಬೈಲಿನಲ್ಲಿ ತೆಗೆದದ್ದು. ಶೇಂಗಾ ಒಣಗಲು ಹರಡಿದ ಕಣದಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬರಿಗಾಲಲ್ಲಿ ನಿಂತಿದ್ದಾನೆ. ಸಲೀಂ ಅವನನ್ನು ಅಲ್ಲಿಂದ ಕತ್ತರಿಸಿ ತಂದು, ಆಗಷ್ಟೇ ತೆಗೆದ ಫೋಟೋದಲ್ಲಿ ಚೈತ್ರಳ ಪಕ್ಕ ನಿಲ್ಲಿಸಿದ.

"ಅಯ್, ನನ್ನ ತಮ್ಮ!" ಅಂದಳು ಚೈತ್ರ.

"ತಮ್ಮ ಅಲ್ಲ ಕಣೇ, ಅಣ್ಣ" ಅಂತ ಅವ್ವ ತಿದ್ದಿದಳು.

"ಮತ್ತೆ ನನಗಿಂತ ಗಿಡ್ಡ ಇದಾನಲ್ಲ?"

ಹುಡುಗಿ ಕೇಳಿದ್ದರಲ್ಲಿ ತಪ್ಪೇನಿದೆ? ನಾಲ್ಕು ವರ್ಷದವನ ಪಕ್ಕ ಆರು ವರ್ಷದವಳು ನಿಂತರೆ ಅಕ್ಕನೇ. ನನಗೆ ಇದು ಇಷ್ಟು ವಯಸ್ಸಾದರೂ ಹೊಳೆದಿರಲಿಲ್ಲ ನೋಡಿ. ನಮ್ಮ ಮನೆ ಗೋಡೆಯ ಮೇಲಿರುವುದು ಅಜ್ಜ ಅಜ್ಜಿ. ಅವರು ಯಾವತ್ತಿಗೂ ಅಜ್ಜ ಅಜ್ಜಿಯೇ, ಈ ತಾಪತ್ರಯವೇ ಇಲ್ಲ. ಆದರೆ ಹೋದ ಮಗು ಅಲ್ಲೇ ನಿಲ್ಲುತ್ತದೆ, ಆಮೇಲೆ ಹುಟ್ಟಿದ್ದು ಅದನ್ನು ದಾಟಿ ಹೋಗುತ್ತದೆ.

"ಅಣ್ಣ ಅಣ್ಣನಂಗೇ ಕಾಣ್ಬೇಕು" ಅಂದಳು ಓಬಮ್ಮ. "ಇವ್ಳು ದೊಡ್ಡೋಳಾದ ಮೇಲೂ ಇದನ್ನ ನೋಡಿ ತಮ್ಮ ಅಂದ್ಕಂಡ್ರೆ? ನನ್ನ ಮೊದಲ್ನೇ ಮಗ ಎಲ್ಲಿ ಹೋದಂಗಾಯ್ತು?"

ಸಲೀಂ ಮೌಸ್ ಹಿಡಿದು ಶಿವುವನ್ನು ಎಳೆದ. ಎತ್ತರವೇನೋ ಆದ. ತಲೆ ಮಾತ್ರ ಅವ್ವನ ತಲೆಗಿಂತ ದೊಡ್ಡದಾಯಿತು! ಮೊದಲು ನಕ್ಕವನು ತಿಪ್ಪೇಸ್ವಾಮಿ. ಆಮೇಲೆ ಓಬಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಗನ ವಿಷಯಕ್ಕೆ ಅವರಿಬ್ಬರೂ ಜೊತೆಯಾಗಿ ನಕ್ಕು ಎಷ್ಟು ಕಾಲವಾಗಿತ್ತೋ ಏನೋ.

"ತಡೀರಿ, ಈಗ ಆ್ಯಪ್ ಐತೆ" ಅಂದ ಸಲೀಂ. ಎರಡು ಸಲ ಕ್ಲಿಕ್ ಮಾಡಿದ. ಪರದೆಯ ಮೇಲೆ ಹತ್ತು ವರ್ಷದ ಹುಡುಗನೊಬ್ಬ ಬಂದು ನಿಂತ. ಉದ್ದನೆ ಕತ್ತು, ದೊಡ್ಡ ಹಲ್ಲು, ಬಾಚಿದ ಕ್ರಾಪು.

ತಿಪ್ಪೇಸ್ವಾಮಿ ಎದ್ದು ಪರದೆಯ ಹತ್ತಿರಕ್ಕೇ ಹೋದ. "ನನ್ನ ಮೂಗೇ ಬಂದೈತೆ ನೋಡೇ! ಇದ್ದಿದ್ರೆ ಹಿಂಗೇ ಇರ್ತಿದ್ದ. ಐದನೇ ಕ್ಲಾಸು."

"ಎವರು ವೀಡು?" ಅಂದಳು ಓಬಮ್ಮ. ಸಿಟ್ಟು ಬಂದಿತ್ತು. "ಯಾರಿವ್ನು? ಈ ಹುಡುಗನ್ನ ನಾನು ಎತ್ಕಂಡಿಲ್ಲ, ಉಣ್ಸಿಲ್ಲ. ಯಾರ ಮಗನ್ನೋ ತಂದು ನನ್ನ ಪಕ್ಕ ನಿಲ್ಲಿಸ್ತೀರಾ?"

"ನಮ್ಮೋನೇ ಕಣೇ."

"ನಮ್ಮೋನಿಗೆ ನಾಕೇ ವರ್ಷ."

ತಿಪ್ಪೇಸ್ವಾಮಿ ವಾಪಸ್ ಬಂದು ಕೂತ. ನಾನು ನಡುವೆ ಬಾಯಿ ಹಾಕಲಿಲ್ಲ. (ನಮ್ಮ ಮನೆಯವರು ಇದನ್ನು ಈಗಲೂ ನಂಬುತ್ತಿಲ್ಲ.) ಯಾರ ಪರ ಮಾತಾಡಲಿ? ಅವಳಿಗೆ ಇದ್ದ ಮಗ ಬೇಕು, ಅವನಿಗೆ ಇರಬೇಕಾಗಿದ್ದ ಮಗ ಬೇಕು.

ಅಷ್ಟರಲ್ಲಿ ನಿಂತು ನಿಂತು ಸಾಕಾಗಿದ್ದ ಚೈತ್ರ ಬಂದು ಅವ್ವನ ತೊಡೆ ಏರಿದಳು. ಓಬಮ್ಮ ಮಗಳನ್ನು ನೋಡಿದಳು, ಪರದೆ ನೋಡಿದಳು.

"ಇವ್ಳು ಹಿಂಗೇ ಕೂತ್ಕಳ್ಳಿ. ಅಣ್ಣ ನಿಂತ್ಕಳ್ಳಿ. ಆಗ ಯಾರು ದೊಡ್ಡೋರು ಅಂತ ಯಾರೂ ಕೇಳಲ್ಲ."

ಮತ್ತೆ ಲೈಟು ಹಾಕಿದರು. "ಕದಲೊದ್ದು!" ಅಂತ ಅವ್ವ ಗದರಿದ್ದೇ ಚೈತ್ರ ಅಲುಗಾಡದೆ ಕೂತಳು. ಸಲೀಂ ಆ ಫೋಟೋಗೆ ನಾಲ್ಕು ವರ್ಷದ ಶಿವುವನ್ನು ತಂದು ಅಪ್ಪನ ಮೊಣಕಾಲಿನ ಪಕ್ಕ ನಿಲ್ಲಿಸಿದ. ಅಣ್ಣ ಕಾವಲಿಗೆ ನಿಂತ ಹಾಗಿತ್ತು. ಓಬಮ್ಮ ಪರದೆಯ ಮುಂದೆ ಎರಡೂ ಕೈ ನೀವಾಳಿಸಿ, ತನ್ನ ಕಣತಲೆಗೊತ್ತಿ ಲಟಿಕೆ ಮುರಿದಳು. ಸತ್ತ ಮಗುವಿಗೆ ಎಂಥ ದೃಷ್ಟಿ ಅಂತ ಕೇಳುವ ಧೈರ್ಯ ಅಲ್ಲಿ ಯಾರಿಗಿತ್ತು?

ಮೂವರೂ ಹೊರಟರು. ಸಲೀಂ ನನ್ನ ಫೋಟೋ ಕತ್ತರಿಸುತ್ತಿದ್ದಾಗ ತಿಪ್ಪೇಸ್ವಾಮಿ ಒಬ್ಬನೇ ವಾಪಸ್ ಬಂದ. ಹೊರಗೆ ಓಬಮ್ಮ ಮಗಳಿಗೆ ಕಡ್ಲೆಮಿಠಾಯಿ ಕೊಡಿಸುತ್ತಿದ್ದಳು.

"ಆ ಇನ್ನೊಂದು ಐತಲ್ಲ... ದೊಡ್ಡೋನು. ಅಳಿಸಿಬಿಟ್ಯಾ?"

"ಇಲ್ಲ, ಐತೆ."

"ನನ್ನ ವಾಟ್ಸಾಪಿಗೆ ಹಾಕಪ್ಪ. ಅವ್ಳಿಗೆ ಹೇಳ್ಬೇಡ." ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಮುಂದಿನ ವರ್ಷ ಬಂದ್ರೆ ಇನ್ನೊಂದು ವರ್ಷ ಬೆಳೆಸಾಕಾಗ್ತೈತಾ?"

"ಆಗ್ತೈತೆ. ಬಾ" ಅಂದ ಸಲೀಂ.

ಹೆಂಡತಿಗೆ ಗೊತ್ತಾಗದ ಹಾಗೆ ಗಂಡನೊಬ್ಬ ಜೇಬಿನಲ್ಲಿ ಮಗನನ್ನು ಬೆಳೆಸುತ್ತಿದ್ದರೆ, ಅದನ್ನು ಮೋಸ ಅನ್ನಲಾದೀತೇ?