ಬಲಗಡೆಯ ಒಳಜೇಬು

ನಮ್ಮ ಲಾಂಡ್ರಿಯಲ್ಲಿ ಕೌಂಟರಿನಲ್ಲಿ ಕೂರುವವಳು ನಾನು. ಬಂದ ಬಟ್ಟೆಗೆ ನಂಬರಿನ ಪಟ್ಟಿ ಹಚ್ಚಿ ಒಳಗೆ ಕಳಿಸುವುದು, ಸಿದ್ಧವಾಗಿ ಬಂದದ್ದನ್ನು ಅದೇ ನಂಬರು ನೋಡಿ ವಾಪಸು ಕೊಡುವುದು, ನಡುವೆ ಗಿರಾಕಿಗಳಿಂದ ಬೈಸಿಕೊಳ್ಳುವುದು ನನ್ನ ಕೆಲಸ. ಬೈಸಿಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ ಅನ್ನುವುದು ಬೇರೆ ಮಾತು. ಸುಮ್ಮನಿರಬೇಕಾಗಿ ಬಂದದ್ದು ಒಂದೇ ಒಂದು ಸಲ. ಅದನ್ನೇ ಈಗ ಹೇಳಲು ಹೊರಟಿದ್ದೇನೆ.

ನನ್ನ ಬೆನ್ನ ಹಿಂದೆ, ಕಿಟಕಿಯ ಪಕ್ಕದ ಸ್ಟೂಲಿನಲ್ಲಿ, ಇಪ್ಪತ್ತಮೂರು ವರ್ಷದಿಂದ ಕೂತವಳು ರಫು ಅಕ್ಕ. ವಯಸ್ಸು ನಲವತ್ತೇಳು. ನನಗಿಂತ ಚಿಕ್ಕವಳು, ಆದರೂ ಎಲ್ಲರಿಗೂ ಅಕ್ಕ, ನನಗೂ ಅಕ್ಕ. ಹರಿದ ಕೋಟಿನ ಮಡಿಕೆಯೊಳಗಿಂದ ಅದೇ ಬಣ್ಣದ ಎಳೆ ಬಿಡಿಸಿ ತೆಗೆದು, ತೂತಿನ ಮೇಲೆ ಒಂದೊಂದೇ ಎಳೆ ನೇಯ್ದು, ಅಲ್ಲಿ ತೂತಿತ್ತು ಅನ್ನುವ ಗುರುತೇ ಉಳಿಯದ ಹಾಗೆ ಮಾಡುವುದು ಅವಳ ಕೆಲಸ. ಎಷ್ಟೋ ಗಿರಾಕಿಗಳು ಕೋಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ನೀವು ಏನ್ ಮಾಡಿದೀರಿ, ಏನೂ ಕಾಣ್ತಿಲ್ವಲ್ಲ?" ಎಂದು ನನ್ನ ಮೇಲೆ ಜಗಳಕ್ಕೆ ಬಂದಿದ್ದಾರೆ. ಆಗ ಅಕ್ಕ ಹಿಂದಿನಿಂದ ಮೆಲ್ಲಗೆ ನಗುತ್ತಿದ್ದಳು. ಅವಳಿಗೆ ಸಿಗುತ್ತಿದ್ದ ಹೊಗಳಿಕೆ ಅದೊಂದೇ.

ಅವಳಿಗೆ ಮನೆ ಅಂದರೆ ಅಣ್ಣನ ಮನೆ. ಅಡುಗೆಮನೆಯ ಆಚೆ ಒಂದು ಸಣ್ಣ ಕೋಣೆ, ಅದರಲ್ಲಿ ಅರ್ಧ ಇವಳ ಮಂಚ, ಇನ್ನರ್ಧ ಅವರ ಹಳೆಯ ಟ್ರಂಕುಗಳು. ಅಣ್ಣ ಕೆಟ್ಟವನಲ್ಲ. ಅತ್ತಿಗೆಯೂ ಕೆಟ್ಟವಳಲ್ಲ. ಇವಳ ಮದುವೆ ಬೇಡ ಎಂದು ಆ ಮನೆಯಲ್ಲಿ ಯಾರೂ ಯಾವತ್ತೂ ಹೇಳಲಿಲ್ಲ. ಒಂದು ವರ್ಷ ಅಮ್ಮನಿಗೆ ಹುಷಾರಿರಲಿಲ್ಲ, ಇನ್ನೊಂದು ವರ್ಷ ಅಣ್ಣನ ಮಗಳ ಪರೀಕ್ಷೆ, ಮತ್ತೊಂದು ವರ್ಷ ಮನೆಗೆ ಸುಣ್ಣಬಣ್ಣ. ಮುಂದಿನ ವರ್ಷ ನೋಡೋಣ ಎನ್ನುತ್ತ ಎನ್ನುತ್ತ ಆ ಮಾತೇ ಮನೆಯಿಂದ ಹೊರಟುಹೋಯಿತು. ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಮರೆತವರ ಜೊತೆ ಏನೆಂದು ಜಗಳ ಆಡುವುದು? ನನಗೆ ಮೈ ಉರಿಯುವುದು ಇಲ್ಲೇ.

ನಮ್ಮ ಇಸ್ತ್ರಿ ಮೇಷ್ಟ್ರು ಹಿಂದಿನ ಕೋಣೆಯಲ್ಲಿ, ಹಬೆಯ ನಡುವೆ ಇರುವವರು. ಐವತ್ತೆರಡು ದಾಟಿದ, ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ. ಇಸ್ತ್ರಿ ಮಾಡುವಾಗ ಎಲ್ಲಾದರೂ ತೂತು ಕಂಡರೆ ಸೀಮೆಸುಣ್ಣದಲ್ಲಿ ಸುತ್ತಲೂ ಒಂದು ಸೊನ್ನೆ ಬರೆದು ಅಕ್ಕನಿಗೆ ಕಳಿಸಬೇಕು, ಅದು ನಮ್ಮಲ್ಲಿನ ಪದ್ಧತಿ. ಒಂಬತ್ತು ವರ್ಷ ಅವರಿಬ್ಬರ ಮಾತುಕತೆ ಈ ಸೊನ್ನೆಗಳಲ್ಲೇ ನಡೆಯಿತು. ಒಂದು ದಿನ ಒಂದು ಬಿಳಿ ಶರ್ಟು ಬಂತು, ಬೆನ್ನ ಮೇಲೆ ಸೊನ್ನೆ. ಅಕ್ಕ ಕನ್ನಡಕ ಒರೆಸಿಕೊಂಡು, ಕಿಟಕಿಗೆ ಹಿಡಿದು, ಮುಕ್ಕಾಲು ಗಂಟೆ ಹುಡುಕಿದಳು. ತೂತು ಸಿಗಲಿಲ್ಲ. ಕೊನೆಗೆ ಎದ್ದು ಹಬೆಯ ಕೋಣೆಗೆ ಹೋದಳು.

"ಎಲ್ಲಿ ಹರಿದಿದೆ ಇದು?"

"ಹರಿದಿಲ್ಲ. ಅದು ನನ್ನದೇ ಶರ್ಟು," ಅಂದರಂತೆ ಮೇಷ್ಟ್ರು. "ನೀವು ಬಂದು ಕೇಳ್ಲಿ ಅಂತ ಹಾಕಿದೆ."

ಅಲ್ಲಿಂದ ಎರಡು ವರ್ಷಕ್ಕೆ ಓಡಿಹೋಗುವ ಮಾತು ಬಂತು. ಅಕ್ಕ ಆ ಮಾತನ್ನೇ ಹೇಳಿದಳು, ಓಡಿಹೋಗ್ತೀವಿ ಅಂತ. ನನಗೆ ನಗು ತಡೆಯಲಾಗಲಿಲ್ಲ. "ಅಲ್ಲ ಕಣೇ, ನಿನ್ನ ಮಂಡಿ ನೋವಿಗೆ ನಡೆಯೋದೇ ಕಷ್ಟ, ಓಡೋದು ಎಲ್ಲಿಗೆ? ಸುಮ್ನೆ ಅಣ್ಣನ ಹತ್ರ ಹೇಳು. ಬೈತಾನೆ, ಬೈಸ್ಕೋ."

"ಬೈದ್ರೆ ತಡ್ಕೋತೀನಿ," ಅಂದಳು. "ಈ ವಯಸ್ಸಿನಲ್ಲಾ ಅಂತ ನಕ್ಕುಬಿಟ್ರೆ ತಡ್ಕೊಳಕ್ಕಾಗಲ್ಲ."

ನನ್ನ ನಗು ಅಲ್ಲೇ ನಿಂತಿತು.

ಆಮೇಲೆ ಶುರುವಾಯಿತು ಅವರ ಯೋಜನೆ. ಊಟದ ಬಿಡುವಿನಲ್ಲಿ ಹೋಗಿ, ಊಟದ ಬಿಡುವಿನಲ್ಲೇ ವಾಪಸು ಬರಬೇಕು. ಬುಧವಾರವೇ ಆಗಬೇಕು, ಯಾಕೆಂದರೆ ಅವತ್ತು ಬಟ್ಟೆ ಕಡಿಮೆ. ಹೂವು ಬೇಡ, ಫೋಟೊ ಬೇಡ. ಸಾಕ್ಷಿಗೆ ಇಬ್ಬರು ಸಾಕು, ನಾನು ಮತ್ತು ನಮ್ಮ ವ್ಯಾನಿನ ಡ್ರೈವರು. ಅವಳ ಹಳೆಯ ನೀಲಿ ಉಡುಪನ್ನು ಮೇಷ್ಟ್ರು ಇಸ್ತ್ರಿ ಮಾಡುವುದು, ಅವರ ಶರ್ಟಿನ ಸವೆದ ತೋಳಿನ ಅಂಚನ್ನು ಅಕ್ಕ ರಫು ಮಾಡುವುದು. ಹೊಸ ಬಟ್ಟೆ ಕೊಂಡರೆ ಇಬ್ಬರ ಕೈಗೂ ಕೆಲಸ ಇರುವುದಿಲ್ಲವಲ್ಲ ಎಂದು ಅವರಿಗೆ ಬೇಸರ.

ಉಂಗುರದ ಬದಲು ಅವರು ಕೇಳಿದ್ದು ನನ್ನ ಹತ್ತಿರ. "ಜೋಡಿ ಪಟ್ಟಿ ಇರುತ್ತಲ್ಲ, ಅದರಲ್ಲಿ ಒಂದು ನಂಬರು ಕೊಡಿ," ಎಂದರು ಮೇಷ್ಟ್ರು. ಎರಡು ತುಂಡಿನ ಉಡುಪು ಬಂದರೆ ಕೋಟಿಗೊಂದು ಪ್ಯಾಂಟಿಗೊಂದು ಒಂದೇ ನಂಬರಿನ ಪಟ್ಟಿ ಹಚ್ಚುತ್ತೇವೆ, ಬೇರೆ ಬೇರೆ ತೊಟ್ಟಿಗೆ ಬಿದ್ದರೂ ಕೊನೆಗೆ ಜೊತೆಯಾಗಲಿ ಎಂದು. ನಾಲ್ಕು ಸಾವಿರದ ನಾನೂರ ಹದಿನೇಳು ಕೊಟ್ಟೆ. ಒಂದು ಅವರ ಕಾಲರಿನ ಒಳಗೆ, ಇನ್ನೊಂದು ಅವಳ ಕತ್ತಿನ ಪಟ್ಟಿಯ ಒಳಗೆ. ನನ್ನ ಕಣ್ಣಲ್ಲಿ ನೀರು ಬಂತು, ಹಬೆ ಅಂತ ಹೇಳಿದೆ.

ಅಕ್ಕ ಅಣ್ಣನಿಗೆ ಒಂದು ಕಾಗದ ಬರೆದಳು. ನನಗೆ ಓದಿಸಿದಳು ಕೂಡ. "ಅಣ್ಣಾ, ಇವತ್ತು ಹನ್ನೆರಡೂವರೆಗೆ ನೋಂದಣಿ ಕಚೇರಿಯ ಎರಡನೇ ಮಹಡಿಯಲ್ಲಿ ನನ್ನ ಮದುವೆ. ನಮ್ಮ ಇಸ್ತ್ರಿ ಮೇಷ್ಟ್ರ ಜೊತೆ. ನಿನ್ನ ಎದುರು ನಿಂತು ಹೇಳುವ ಧೈರ್ಯ ಆಗಲಿಲ್ಲ. ಬೇಡ ಅನ್ನುವುದಕ್ಕಾದರೂ ಸರಿ, ಬಾ." ಇಷ್ಟೇ. ಅಣ್ಣ ಎಂಟು ಗಂಟೆಗೆ ಮನೆ ಬಿಡುತ್ತಾನೆ, ಬಸ್ಸಿನ ಪಾಸು ಇಟ್ಟುಕೊಳ್ಳಲು ಕೋಟಿನ ಬಲಗಡೆಯ ಒಳಜೇಬಿಗೆ ಕೈ ಹಾಕುತ್ತಾನೆ, ಆಗ ಕಾಗದ ಸಿಗುತ್ತದೆ ಎನ್ನುವುದು ಅವಳ ಲೆಕ್ಕಾಚಾರ. ತಡೆಯಲು ಬರುವವರಿಗೆ ನಾಲ್ಕೂವರೆ ಗಂಟೆ ಬಿಟ್ಟುಕೊಟ್ಟು, ವಿಳಾಸವನ್ನೂ ಬರೆದಿಟ್ಟು ಓಡಿಹೋಗುವವರನ್ನು ನಾನಂತೂ ಎಲ್ಲೂ ಕಂಡಿಲ್ಲ. ಅವಳಿಗೆ ಬೇಕಾದದ್ದು ಅದೇ ಎಂದು ಆಗ ನನಗೆ ಅರ್ಥವಾಯಿತು. ಯಾರಾದರೂ ಹಿಂದೆ ಬರಬೇಕು. ಬಂದು ಕೂಗಾಡಿದರೂ ಪರವಾಗಿಲ್ಲ.

ಆ ಬುಧವಾರ ಅಣ್ಣ ಸ್ನಾನಕ್ಕೆ ಹೋಗಿದ್ದಾಗ ಅವಳು ಪಾಸನ್ನು ತೆಗೆದು ಮೇಜಿನ ಮೇಲಿಟ್ಟು, ಕಾಗದವನ್ನು ಜೇಬಿಗೆ ಸೇರಿಸಿದಳಂತೆ. ಬೀಳದಿರಲಿ ಎಂದು ಜೇಬಿನ ಬಾಯಿಗೆ ಒಂದೆರಡು ಹೊಲಿಗೆಯನ್ನೂ ಹಾಕಿದಳಂತೆ.

ನಾವು ಎರಡು ದಾರಿಯಲ್ಲಿ ಹೋದೆವು, ಮೇಷ್ಟ್ರು ಮತ್ತು ಡ್ರೈವರು ಮಾರ್ಕೆಟ್ಟಿನ ಕಡೆಯಿಂದ, ನಾನೂ ಅಕ್ಕನೂ ಶಾಲೆಯ ಹಿಂದಿನಿಂದ. ಎರಡನೇ ಮಹಡಿಯಲ್ಲಿ ಒಂದು ಉದ್ದ ಬೆಂಚು, ಗೋಡೆಗೆ ಒರಗಿ ಕೂತು ಕೂತು ತಲೆಯ ಎಣ್ಣೆ ಅಂಟಿದ ಗುರುತುಗಳು, ರೆಕ್ಕೆ ಮುರಿದ ಒಂದು ಫ್ಯಾನು. ಗುಮಾಸ್ತ ಕರೆದಾಗ ಅಕ್ಕ, "ಐದು ನಿಮಿಷ," ಅಂದಳು. ಮತ್ತೆ ಕರೆದಾಗ ಮತ್ತೆ ಐದು ನಿಮಿಷ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೆಟ್ಟಿಲನ್ನೇ ನೋಡುತ್ತಿದ್ದಳು. ಕೆಳಗೆ ಯಾರದೋ ಬೂಟಿನ ಸದ್ದಾದರೆ ಬೆನ್ನು ನೆಟ್ಟಗಾಗುತ್ತಿತ್ತು. ಬಂದವರು ಬೇರೆ ಯಾರೋ, ಬೇರೆ ಬಾಗಿಲಿಗೆ ಹೋದರು. ಒಂದಕ್ಕೆ ಹತ್ತು ನಿಮಿಷ ಇದ್ದಾಗ ಅವಳೇ ಎದ್ದಳು.

ಸಹಿ ಹಾಕಿದೆವು. ಡ್ರೈವರು ಎಲ್ಲರ ಕೈ ಕುಲುಕಿದ, ಗುಮಾಸ್ತನ ಕೈಯನ್ನೂ. ಒಂದೂಕಾಲಿಗೆ ಅಕ್ಕ ತನ್ನ ಸ್ಟೂಲಿನ ಮೇಲಿದ್ದಳು. ಸಂಜೆ ಬಾಗಿಲು ಹಾಕಿದ ಮೇಲೆ ಇಬ್ಬರೂ ಮೇಷ್ಟ್ರ ಒಂಟಿ ಕೋಣೆಗೆ ನಡೆದುಹೋದರು. ಎರಡೇ ಬೀದಿ ಆಚೆ.

ಮರುದಿನದಿಂದ ಕಾಯುವುದು ಶುರು. ಅಣ್ಣ ಬರಲಿಲ್ಲ. ನಾಲ್ಕನೇ ದಿನ ಅತ್ತಿಗೆಯ ಫೋನು ಬಂತು, ನಾನೇ ಎತ್ತಿಕೊಂಡೆ. "ಸಣ್ಣ ಕತ್ತರಿ ಎಲ್ಲಿಟ್ಟಿದಾಳೆ ಅಂತ ಸ್ವಲ್ಪ ಕೇಳ್ತೀರಾ?" ಅಷ್ಟೇ, ಇನ್ನೇನಿಲ್ಲ. ಅಕ್ಕನ ಮುಖ ಅರಳಿತು. "ನೋಡಿದ್ರಾ, ಕೋಪ ಇದೆ. ಕತ್ತರಿ ಬರೀ ನೆಪ," ಅಂದಳು. ಅವರು ತನ್ನ ಮೇಲೆ ಕೋಪ ಮಾಡಿಕೊಂಡಿದ್ದಾರೆ ಎನ್ನುವುದನ್ನು ಬಗಲಲ್ಲಿ ಬಿಸಿನೀರಿನ ಚೀಲದ ಹಾಗೆ ಇಟ್ಟುಕೊಂಡು ಅವಳು ಅಷ್ಟು ದಿನ ಕಳೆದಳು. ಚಳಿ ಶುರುವಾಗುವ ಕಾಲ. ಕೋಟುಗಳ ರಾಶಿ ಬಿದ್ದಿತ್ತು. ಪ್ರತಿ ವರ್ಷವೂ ಈ ದಿನಗಳಲ್ಲಿ ಅವಳು ಹತ್ತು ಹದಿನೈದು ದಿನ ಲಾಂಡ್ರಿಯ ಮಾಳಿಗೆಯಲ್ಲೇ ಮಲಗಿ ಕೆಲಸ ಮುಗಿಸುತ್ತಿದ್ದಳು. ಮನೆಯವರಿಗೂ ಅದು ರೂಢಿ. ಇದು ನನ್ನ ತಲೆಗೆ ಯಾಕೆ ಹೊಳೆಯಲಿಲ್ಲವೋ ಕಾಣೆ.

ಹನ್ನೆರಡನೇ ದಿನ ಡ್ರೈವರು ಮನೆಮನೆಯಿಂದ ತಂದ ಗಂಟಿನಲ್ಲಿ ಒಂದು ಬೂದು ಕೋಟು ಬಂತು. ಅದಕ್ಕೆ ಪಿನ್ನು ಹಾಕಿದ ಚೀಟಿ: "ಬಲಗಡೆಯ ಒಳಜೇಬು ತೆರೆಯುತ್ತಿಲ್ಲ. ಸರಿಪಡಿಸಿ." ನಾನು ಓದಿ ಅಕ್ಕನ ಕಡೆ ಎಸೆದೆ. ಅವಳು ಕೋಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಚೀಟಿಯ ಮೇಲಿನ ಅಣ್ಣನ ಅಕ್ಷರ ನೋಡಿದಳು.

ಆ ಬುಧವಾರ ಒರಟಾಗಿ ಎರಡು ಹೊಲಿಗೆ ಹಾಕಬೇಕು, ಅಣ್ಣ ಎಳೆದ ಕೂಡಲೇ ಕಿತ್ತು ಬರಬೇಕು ಅಂತ ಅಂದುಕೊಂಡಿದ್ದಳು. ಇಪ್ಪತ್ತಮೂರು ವರ್ಷ ಕಾಣದ ಹಾಗೆ ಹೊಲಿದ ಕೈಗೆ ಒರಟು ಹೊಲಿಗೆ ಎಲ್ಲಿ ಬರಬೇಕು? ಜೇಬಿನ ಬಾಯಿ ಇಡೀ ಅಸ್ತರಿನ ಜೊತೆ ಒಂದಾಗಿಹೋಗಿತ್ತು. ಹುಟ್ಟಿನಿಂದ ಅಲ್ಲಿ ಜೇಬೇ ಇರಲಿಲ್ಲ ಅನ್ನಬೇಕು, ಹಾಗೆ. ಅಣ್ಣ ಒಂದೆರಡು ಸಲ ಬೆರಳಿಟ್ಟು ನೋಡಿರುತ್ತಾನೆ, ಪಾಸನ್ನು ಎಡಗಡೆಯ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿರುತ್ತಾನೆ. ಒಳಗೆ ಕಾಗದ ಸರಕ್ಕೆಂದರೂ ಅಸ್ತರು ಗಟ್ಟಿ ಇದೆ ಎಂದುಕೊಳ್ಳುವ ಆಸಾಮಿ.

ಅಕ್ಕ ಬ್ಲೇಡಿನಿಂದ ಬಿಡಿಸಿದಳು. ಮಡಿಕೆ ಮುರಿಯದ ಕಾಗದ ಹಾಗೇ ಇತ್ತು.

"ಹಂಗಾದ್ರೆ ಕೋಪಾನೂ ಇರ್ಲಿಲ್ಲ," ಅಂದಳು. ಮೇಷ್ಟ್ರು ಹಬೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅವಳು ಅವರ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಅಷ್ಟು ಒಂಟಿಯಾಗಿ ಕೂತ ಮನುಷ್ಯರನ್ನು ನಾನು ನೋಡಿರಲಿಲ್ಲ. ಮೇಷ್ಟ್ರು ಬಂದು ಅವಳ ಪಕ್ಕ ಒಂದು ಲೋಟ ನೀರಿಟ್ಟು ಹೋದರು. ಅರ್ಧ ಗಂಟೆಯಾದ ಮೇಲೆ ಅವಳು ಕಾಗದವನ್ನು ಅದೇ ಜೇಬಿಗೆ ತುರುಕಿ, ಪೆಟ್ಟಿಗೆಯ ತಳದಿಂದ ಕಂಬಳಿ ಹೊಲಿಯುವ ದಪ್ಪ ಕೆಂಪು ದಾರ ತೆಗೆದು, ಹಲ್ಲು ಕಚ್ಚಿ, ಬೆರಳಗಲದ ಅಡ್ಡಾದಿಡ್ಡಿ ಹೊಲಿಗೆ ಹಾಕಿದಳು. ಅಂಥ ಹೊಲಿಗೆಯನ್ನು ಅವಳು ಹಾಕಿದ್ದು ಅದೇ ಮೊದಲು. ಸಂಜೆಯ ವ್ಯಾನಿನಲ್ಲಿ ಕೋಟು ವಾಪಸು ಹೋಯಿತು.

ಮರುದಿನ ಬೆಳಿಗ್ಗೆ ಎಂಟೂಕಾಲಿಗೆ ಅಣ್ಣ ನಮ್ಮ ಕೌಂಟರಿನ ಮುಂದೆ. ಕೋಟಿನ ಎದೆಯನ್ನು ಅಗಲಿಸಿ ಹಿಡಿದುಕೊಂಡೇ ಬಂದ.

"ಏನ್ರೀ ಇದು? ಜೇಬು ಸರಿಮಾಡಿ ಅಂದ್ರೆ ಗೋಣಿಚೀಲ ಹೊಲ್ದಂಗೆ ಹೊಲ್ದಿದೀರಲ್ಲ! ಯಾರ್ ಹಾಕಿದ್ದು ಇದನ್ನ?"

ನಾನು ಬಾಯಿ ತೆಗೆಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು. "ನಾನೇ ಅಣ್ಣ. ಬಿಚ್ಚಿ ನೋಡು."

ಅವಳೇ ಎದ್ದು ಬಂದು ಕತ್ತರಿ ಕೊಟ್ಟಳು. ಅವನು ಗೊಣಗುತ್ತ ಕತ್ತರಿಸಿದ, ಕಾಗದ ತೆಗೆದ, ಕನ್ನಡಕ ಹಾಕಿಕೊಂಡು ಓದಿದ. ಎರಡು ಸಲ ಓದಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ, ನಗಲಿ ನೋಡೋಣ, ಕೌಂಟರು ಹಾರಿ ಹೋಗುತ್ತೇನೆ ಎಂದುಕೊಂಡು. ಅವನು ನಗಲಿಲ್ಲ. ನಮ್ಮ ಗೋಡೆಯ ಗಡಿಯಾರ ನೋಡಿದ.

"ಹನ್ನೆರಡೂವರೆಗಾ?" ಅಂದ. "ಇನ್ನೂ ಟೈಮಿದೆ. ನಾನು ಅರ್ಧ ದಿನ ರಜ ಹಾಕಿ ಬರ್ತೀನಿ." ಆಮೇಲೆ ತಂಗಿಯ ಕಡೆ ತಿರುಗಿದ. ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು, ಸುಳ್ಳು ಹೇಳಬಾರದು. "ಅಲ್ಲ ಕಣೇ, ಇದನ್ನೆಲ್ಲ ಕಾಗದದಲ್ಲಿ ಬರೀಬೇಕಾ? ಈಗ ಬೆಳಿಗ್ಗೆ ಮನೇಲಿ ಹೇಳೋಕೆ ಏನಾಗಿತ್ತು ನಿಂಗೆ?"

ಕಾಗದದಲ್ಲಿ ತಾರೀಖು ಇರಲಿಲ್ಲ. ಇವತ್ತು ಅಂತ ಇತ್ತು, ಅಷ್ಟೇ. ಹದಿಮೂರು ದಿನದಿಂದ ತಂಗಿ ಮನೆಯಲ್ಲಿಲ್ಲ ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ನನ್ನ ನಾಲಗೆಯ ತುದಿಗೆ ಏನೇನು ಬಂತೋ ಇಲ್ಲಿ ಬರೆಯುವಂತಿಲ್ಲ. ಅಕ್ಕ ಕೌಂಟರಿನ ಕೆಳಗೆ ನನ್ನ ಪಾದವನ್ನು ತನ್ನ ಪಾದದಿಂದ ಒತ್ತಿದಳು. ಬಾಯಿ ಮುಚ್ಚಿಕೊಂಡೆ.

"ಬೆಳಿಗ್ಗೆ ನೀನು ಅವಸರದಲ್ಲಿದ್ದೆ ಅಣ್ಣ," ಅಂದಳು.

"ಅದೂ ಸರೀನೇ," ಅಂದ. ಕಾಗದವನ್ನು ಬಲಗಡೆಯ ಒಳಜೇಬಿಗೆ ಹಾಕಿಕೊಂಡು, ಹನ್ನೆರಡೂವರೆ, ಎರಡನೇ ಮಹಡಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಬಸ್ಸಿನ ಕಡೆ ಹೋದ. ಕೆಂಪು ದಾರದ ತುಂಡುಗಳು ಕೌಂಟರಿನ ಮೇಲೆ ಬಿದ್ದಿದ್ದವು.

ಮೇಷ್ಟ್ರು ಹೊರಗೆ ಬಂದರು. "ಈಗೇನ್ ಮಾಡೋದು? ಓಡಿಹೋಗಿ ಹೇಳ್ಲಾ ಅವರಿಗೆ?"

"ಬೇಡಿ," ಅಂದಳು ಅಕ್ಕ. ದಾರದ ತುಂಡುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಹಾಕಿಕೊಳ್ಳುತ್ತಿದ್ದಳು. "ಅವನು ಆ ಮೆಟ್ಟಿಲು ಹತ್ತಿ ಬರೋದನ್ನ ಒಂದ್ಸಲ ನೋಡ್ತೀನಿ. ಆಮೇಲೆ ಹೇಳ್ತೀನಿ."

ಮೇಷ್ಟ್ರು ಮನೆಗೆ ಹೋಗಿ ಅವಳ ನೀಲಿ ಉಡುಪನ್ನು ತಂದು ಇಸ್ತ್ರಿ ಮೇಜಿನ ಮೇಲೆ ಹರಡಿದರು.